ಆಫೀಸಿನ ಒಳಗಿನ ಮೇಲ್ ಕಡಿಮೆ ಮಾಡೋದು ಹೇಗೆ? (45 ಜನರ ಮಷೀನ್ ಶಾಪ್, ಪೀಣ್ಯ)

ಪ್ಲಾನಿಂಗ್_ಪೀಣ್ಯ

ನಮ್ಮದು ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮೆಷಿನ್) ಜಾಬ್ ವರ್ಕ್ ಯೂನಿಟ್, ಅಂದ್ರೆ ಗ್ರಾಹಕರ ಡ್ರಾಯಿಂಗ್ ಪ್ರಕಾರ ಪಾರ್ಟ್ ಮಾಡ್ಕೊಡೋದು; ಒಂದೊಂದು ಆರ್ಡರ್‌ಗೂ ಜಾಬ್ ಅಂತೀವಿ. ಒಟ್ಟು 45 ಜನ, ಅದರಲ್ಲಿ ಮೇಲ್ ಐಡಿ ಇರೋದು 18 ಜನಕ್ಕೆ: ಡಿಸೈನ್, ಪ್ಲಾನಿಂಗ್, ಪರ್ಚೇಸ್, ಸ್ಟೋರ್ಸ್, ಕ್ವಾಲಿಟಿ, ಡಿಸ್ಪ್ಯಾಚ್, ಅಕೌಂಟ್ಸ್. ಗೂಗಲ್ ವರ್ಕ್‌ಸ್ಪೇಸ್ (ಜಿಮೇಲ್, ಡ್ರೈವ್, ಚಾಟ್ ಎಲ್ಲ ಸೇರಿರೋ ಪ್ಯಾಕೇಜ್) ಇದೆ. ಆಪರೇಟರ್‌ಗಳಿಗೆ ಮೇಲ್ ಇಲ್ಲ, ಅವರಿಗೆಲ್ಲ ವಾಟ್ಸಾಪ್ ಗ್ರೂಪ್.

ತೊಂದರೆ ಮೂರು. ಒಂದು, "ಆ ಜಾಬ್ ಎಲ್ಲಿಗೆ ಬಂತು" ಅಂತ ಕೇಳೋ ಮೇಲ್‌ಗಳು, ಪ್ರತಿಯೊಂದಕ್ಕೂ ಏಳೆಂಟು ಸಿಸಿ. ಎರಡು, ಡ್ರಾಯಿಂಗ್ ಅಟ್ಯಾಚ್‌ಮೆಂಟ್ ಆಗಿ ಓಡಾಡುತ್ತೆ. ರಿವಿಷನ್ ಬಿ ಬಂದ ಮೇಲೂ ಮೆಷಿನ್ ಹತ್ರ ರಿವಿಷನ್ ಎ ಪ್ರಿಂಟ್ ನೇತಾಡ್ತಿರುತ್ತೆ. ಮೂರು, ಗ್ರಾಹಕರ ಎನ್‌ಕ್ವೈರಿ ಒಬ್ಬರ ಇನ್‌ಬಾಕ್ಸ್‌ಗೆ ಮಾತ್ರ ಬರುತ್ತೆ, ಅವರು ರಜಾ ಇದ್ದ ದಿನ ಯಾರೂ ನೋಡಲ್ಲ.

ಓನರ್ ಸಾಹೇಬರು "ಸೋಮವಾರದಿಂದ ಒಳಗಡೆ ಮೇಲ್ ಬಂದ್, ಎಲ್ಲ ವಾಟ್ಸಾಪ್‌ನಲ್ಲೇ" ಅಂತಿದ್ದಾರೆ. ಇದು ನಡೆಯುತ್ತಾ? ಹೊಸ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ.

---

ಹಳೇ_ಪ್ಲಾನರ್

ಬಂದ್ ಮಾಡೋದು ಬೇಡ ಸರ್. 2011ರಲ್ಲಿ ಫ್ರಾನ್ಸಿನ ಅಟೋಸ್ ಕಂಪನಿಯ ಮುಖ್ಯಸ್ಥ ಥಿಯರಿ ಬ್ರೆಟನ್ ಒಳಗಿನ ಮೇಲನ್ನು ಮೂರು ವರ್ಷದಲ್ಲಿ ಸೊನ್ನೆಗೆ ತರ್ತೀವಿ ಅಂತ ಘೋಷಿಸಿದ್ರು. ಬಹಳ ಇಳೀತು, ಸೊನ್ನೆ ಆಗಲಿಲ್ಲ. ಅಷ್ಟು ದೊಡ್ಡ ಐಟಿ ಕಂಪನಿಗೇ ವರ್ಷಗಟ್ಟಲೆ ಹಿಡಿದ ಕೆಲಸವನ್ನ ಸೋಮವಾರಕ್ಕೆ ಮುಗಿಸೋಕೆ ಹೋಗಬೇಡಿ.

ಒಳಗಿನ ಮೇಲ್ ಮೂರು ಕೆಲಸ ಮಾಡ್ತಿರುತ್ತೆ: ಸುದ್ದಿ ಕೇಳೋದು, ಫೈಲ್ ಸಾಗಿಸೋದು, ಸಾಕ್ಷಿ ಇಟ್ಕೊಳ್ಳೋದು. ಮೊದಲೆರಡಕ್ಕೆ ಬೇರೆ ಜಾಗ ಕೊಡೋದು ಸುಲಭ. ಮೂರನೇದನ್ನ ಬಿಟ್ಟು ಮೊದಲೆರಡನ್ನ ಮಾತ್ರ ಸರಿ ಮಾಡಿದ್ರೆ ಜನ ಮತ್ತೆ ಮೇಲ್‌ಗೇ ಬರ್ತಾರೆ, ಯಾಕಂದ್ರೆ ನಾಳೆ "ನೀನು ಹೇಳಲೇ ಇಲ್ಲ" ಅಂದ್ರೆ ತೋರಿಸೋಕೆ ಅವರ ಹತ್ರ ಇರೋದು ಅದೊಂದೇ.

ಮೊದಲು ಎಣಿಸಿ. 18 ಜನಾನೂ ಹಿಂದಿನ ಹತ್ತು ಕೆಲಸದ ದಿನಗಳ ಸೆಂಟ್ ಫೋಲ್ಡರ್ ತೆಗೆದು ಒಂದು ಹಾಳೆಯಲ್ಲಿ ಗೀಟು ಹಾಕ್ಲಿ: ಸ್ಟೇಟಸ್ ಕೇಳಿದ್ದು ಅಥವಾ ಹೇಳಿದ್ದು, ಫೈಲ್ ಕಳಿಸಿದ್ದು, ಒಪ್ಪಿಗೆ ಕೇಳಿದ್ದು, ಎಲ್ಲರಿಗೂ ತಿಳಿಸಿದ್ದು, ಹೊರಗಿನವರಿಗೆ ಬರೆದದ್ದು. ಇನ್‌ಬಾಕ್ಸ್ ಎಣಿಸಬೇಡಿ. ಎಂಟು ಸಿಸಿ ಇರೋ ಒಂದೇ ಮೇಲ್ ಅಲ್ಲಿ ಒಂಬತ್ತು ಸಲ ಲೆಕ್ಕಕ್ಕೆ ಬರುತ್ತೆ. ನಿಮ್ಮಂಥ ಶಾಪ್‌ನಲ್ಲಿ ಸ್ಟೇಟಸ್ ಗುಂಪೇ ದೊಡ್ಡದಿರುತ್ತೆ. ಅಲ್ಲಿಂದಲೇ ಶುರು ಮಾಡಿ, ಬೇರೆ ಯಾವುದನ್ನೂ ಸದ್ಯಕ್ಕೆ ಮುಟ್ಟಬೇಡಿ.

ಸ್ಟೇಟಸ್‌ಗೆ ಬೇಕಾದದ್ದು ಒಂದು ಬೋರ್ಡ್. 8 ಅಡಿ × 4 ಅಡಿಯ ಮ್ಯಾಗ್ನೆಟಿಕ್ ವೈಟ್ ಬೋರ್ಡ್, ಪ್ಲಾನಿಂಗ್ ಕೋಣೆಯ ಒಳಗಲ್ಲ, ಎಲ್ಲರೂ ಓಡಾಡೋ ದಾರಿಯಲ್ಲಿ. ಎಡದಿಂದ ಬಲಕ್ಕೆ ಕಾಲಂ: ಡ್ರಾಯಿಂಗ್ ಸಿದ್ಧ, ಮೆಟೀರಿಯಲ್ ಸಿದ್ಧ, ಮೆಷಿನ್ ಮೇಲೆ, ಹೊರಗಡೆ ಟ್ರೀಟ್‌ಮೆಂಟ್‌ಗೆ ಹೋಗಿದೆ, ಇನ್ಸ್‌ಪೆಕ್ಷನ್, ಡಿಸ್ಪ್ಯಾಚ್. ಒಂದು ಜಾಬ್‌ಗೆ ಒಂದು ಕಾರ್ಡ್, ಎ4 ಹಾಳೆಯ ಕಾಲು ಭಾಗ ಸಾಕು. ಅದರ ಮೇಲೆ ಜಾಬ್ ನಂಬರ್, ಗ್ರಾಹಕರ ಕೋಡ್, ಎಷ್ಟು ಪೀಸ್, ಡ್ರಾಯಿಂಗ್ ರಿವಿಷನ್, ಕೊಡ್ತೀವಿ ಅಂದ ತಾರೀಖು. ಇನ್ನೇನೂ ಬರೆಯಬೇಡಿ, ದೂರದಿಂದ ಓದೋಕಾಗಲ್ಲ.

ಸಿಕ್ಕಿಹಾಕ್ಕೊಂಡ ಜಾಬ್‌ಗೆ ಕೆಂಪು ಮ್ಯಾಗ್ನೆಟ್, ಜೊತೆಗೆ ಒಂದು ಚೀಟಿ. "ಮೆಟೀರಿಯಲ್ ಇಲ್ಲ" ಅಂತ ಬರೆದ್ರೆ ಸಾಲದು. "ಇಎನ್8 ರಾಡ್ 40 ಎಂಎಂ, ಪರ್ಚೇಸ್, ಗುರುವಾರ 11 ಗಂಟೆ" ಅಂತ ಇರಬೇಕು: ಏನು, ಯಾರು, ಯಾವಾಗ. ಈ ಮೂರರಲ್ಲಿ ಒಂದು ಬಿಟ್ರೂ ಅದನ್ನ ಕೇಳೋಕೇ ಒಂದು ಮೇಲ್ ಹುಟ್ಟುತ್ತೆ.

ಬೆಳಿಗ್ಗೆ ಬೋರ್ಡ್ ಮುಂದೆ 12 ನಿಮಿಷ, ನಿಂತ್ಕೊಂಡೇ. ಬಲಗಡೆಯಿಂದ ಶುರು ಮಾಡಿ, ಡಿಸ್ಪ್ಯಾಚ್ ಮೊದಲು. ಎಡದಿಂದ ಹೋದ್ರೆ ಹೊಸ ಜಾಬ್‌ಗಳ ಮಾತಲ್ಲೇ ಟೈಮ್ ಮುಗಿದು, ಬಾಗಿಲ ಹತ್ರ ಇರೋ ಜಾಬ್ ಅಲ್ಲೇ ಕೊಳೆಯುತ್ತೆ. ಕೆಂಪು ಮ್ಯಾಗ್ನೆಟ್ ಇರೋದನ್ನ ಮಾತ್ರ ಮಾತಾಡಿ. ಪರಿಹಾರ ಹುಡುಕೋದು ಆಮೇಲೆ, ಅದಕ್ಕೆ ಸಂಬಂಧಪಟ್ಟ ಇಬ್ಬರು ಮೂವರು ಮಾತ್ರ. ಹನ್ನೆರಡು ನಿಮಿಷ ನಲವತ್ತಾಗೋದು ಇಲ್ಲೇ.

ಕಾರ್ಡ್ ಸರಿಸೋದು ಕೆಲಸ ಮುಗಿಸಿದವರು. ಪ್ಲಾನರ್ ಸರಿಸ್ತೀನಿ ಅಂತ ಹೊರಟ್ರೆ ಅವರು ಮತ್ತೆ ಹತ್ತು ಜನಕ್ಕೆ ಕೇಳ್ಕೊಂಡು ತಿರುಗಬೇಕು, ಬೋರ್ಡ್ ಒಂದು ವಾರಕ್ಕೆ ಹಳಸುತ್ತೆ.

ಬೋರ್ಡ್‌ನಿಂದ ಇನ್ನೊಂದು ಉಪಯೋಗ ಇದೆ, ಜನ ಸಾಮಾನ್ಯವಾಗಿ ಗಮನಿಸಲ್ಲ. ಬೋರ್ಡ್ ಮೇಲೆ 48 ಕಾರ್ಡ್ ಇದೆ, ದಿನಕ್ಕೆ ಸರಾಸರಿ 6 ಜಾಬ್ ಹೊರಗೆ ಹೋಗುತ್ತೆ ಅಂದ್ರೆ, ಒಂದು ಜಾಬ್ ಒಳಗಿರೋದು ಸರಾಸರಿ 8 ಕೆಲಸದ ದಿನ. ಇದು ಲಿಟಲ್ಸ್ ಲಾ, ಬರೀ ಭಾಗಾಕಾರ. ಮಾರ್ಕೆಟಿಂಗ್‌ನವರು 5 ದಿನಕ್ಕೆ ಮಾತು ಕೊಟ್ಟಿದ್ರೆ "ಎಲ್ಲಿಗೆ ಬಂತು" ಮೇಲ್ ಬಂದೇ ಬರುತ್ತೆ, ಯಾವ ಆ್ಯಪ್ ಹಾಕಿದ್ರೂ ನಿಲ್ಲಲ್ಲ. ಕಾರ್ಡ್ 30ಕ್ಕೆ ಇಳಿಸಬೇಕು, ಇಲ್ಲಾ ತಾರೀಖು ಬದಲಿಸಬೇಕು. ಇಳಿಸೋಕೆ ಒಂದು ನಿಯಮ ಸಾಕು: ಒಂದು ಮೆಷಿನ್‌ಗೆ ನಡೀತಿರೋದು ಒಂದು, ಕಾಯ್ತಿರೋದು ಎರಡು, ಅದಕ್ಕಿಂತ ಹೆಚ್ಚು ಶಾಪ್‌ಗೆ ಇಳಿಸಬಾರದು.

---

ಅಡ್ಮಿನ್_ಮೈಸೂರು

ಬೋರ್ಡ್ ಬಗ್ಗೆ ಮೇಲಿನವರು ಹೇಳಿದ್ದಾರೆ. ವರ್ಕ್‌ಸ್ಪೇಸ್‌ನಲ್ಲಿ ಈಗಾಗಲೇ ದುಡ್ಡು ಕೊಟ್ಟಿರುವುದನ್ನು ಹೇಗೆ ಬಳಸಬಹುದು ಅಂತ ನಾನು ಬರೆಯುತ್ತೇನೆ.

ಎನ್‌ಕ್ವೈರಿ: ಗೂಗಲ್ ಗ್ರೂಪ್ಸ್‌ನಲ್ಲಿ "ಎನ್‌ಕ್ವೈರಿ" ಹೆಸರಿನ ಒಂದು ಗ್ರೂಪ್ ಮಾಡಿ, ಸೆಟ್ಟಿಂಗ್‌ನಲ್ಲಿ ಕೊಲ್ಯಾಬರೇಟಿವ್ ಇನ್‌ಬಾಕ್ಸ್ ಆನ್ ಮಾಡಿ. ಅದು ಕೆಲಸ ಮಾಡಲು ಕಾನ್ವರ್ಸೇಷನ್ ಹಿಸ್ಟರಿ ಆನ್ ಇರಲೇಬೇಕು. ಆಗ ಪ್ರತಿ ಮೇಲನ್ನು ಒಬ್ಬರ ಹೆಸರಿಗೆ ಅಸೈನ್ ಮಾಡಬಹುದು, ಮುಗಿದ ಮೇಲೆ ಕಂಪ್ಲೀಟ್ ಗುರುತು ಹಾಕಬಹುದು. ಎಡವುವ ಜಾಗ ಮೂರು:

– ಯಾರು ಪೋಸ್ಟ್ ಮಾಡಬಹುದು ಎಂಬಲ್ಲಿ ಹೊರಗಿನವರಿಗೂ ಅನುಮತಿ ಕೊಡದಿದ್ದರೆ ಗ್ರಾಹಕರ ಮೇಲ್ ವಾಪಸ್ ಹೋಗುತ್ತದೆ. ಜಿಮೇಲ್‌ನ ಸ್ವಂತ ಐಡಿಯಿಂದ ಒಂದು ಪರೀಕ್ಷಾ ಮೇಲ್ ಕಳಿಸಿ ನೋಡಿ.
– ಸ್ಪ್ಯಾಮ್ ಅನುಮಾನದ ಮೇಲ್‌ಗಳು ಗ್ರೂಪಿನ ಪೆಂಡಿಂಗ್ ಪಟ್ಟಿಯಲ್ಲಿ ಕೂತಿರುತ್ತವೆ. ದಿನಕ್ಕೊಮ್ಮೆ ನೋಡುವ ಹೊಣೆ ಒಬ್ಬರಿಗೆ ಹೆಸರು ಹೇಳಿ ವಹಿಸಿ.
– ಸದಸ್ಯರಿಗೆ ಪ್ರತಿ ಮೇಲ್‌ನ ಪ್ರತಿಯೂ ಇನ್‌ಬಾಕ್ಸ್‌ಗೆ ಬರುವಂತೆ ಬಿಟ್ಟರೆ ಅವರು ಅಲ್ಲಿಂದಲೇ ಸ್ವಂತ ಐಡಿಯಲ್ಲಿ ಉತ್ತರ ಕೊಡುತ್ತಾರೆ. ಗ್ರಾಹಕರ ಮುಂದಿನ ಉತ್ತರ ಮತ್ತೆ ಒಬ್ಬರ ಇನ್‌ಬಾಕ್ಸ್‌ಗೇ ಬೀಳುತ್ತದೆ. ಸಬ್‌ಸ್ಕ್ರಿಪ್ಷನ್ ಅನ್ನು "ನೋ ಇಮೇಲ್" ಮಾಡಿ, ಉತ್ತರ ಗ್ರೂಪಿನ ಹೆಸರಿನಲ್ಲೇ ಹೋಗುವಂತೆ ಅನುಮತಿ ಕೊಡಿ.

ಡ್ರಾಯಿಂಗ್: ಡ್ರೈವ್‌ನಲ್ಲಿ ಅದೇ ಫೈಲ್ ಮೇಲೆ ಹೊಸ ವರ್ಷನ್ ಅಪ್‌ಲೋಡ್ ಮಾಡಿದರೆ ಲಿಂಕ್ ಬದಲಾಗುವುದಿಲ್ಲ. ಅನುಕೂಲವೇ, ಆದರೆ ಪಿಡಿಎಫ್‌ನ ಹಳೆಯ ವರ್ಷನ್‌ಗಳು 30 ದಿನ ಕಳೆದ ಮೇಲೆ, ಅಥವಾ 100 ವರ್ಷನ್ ದಾಟಿದ ಮೇಲೆ ಅಳಿಸಿಹೋಗಬಹುದು. "ಕೀಪ್ ಫಾರೆವರ್" ಟಿಕ್ ಮಾಡಿದ್ದು ಮಾತ್ರ ಉಳಿಯುತ್ತದೆ. ಆರು ತಿಂಗಳ ನಂತರ ಗ್ರಾಹಕರು "ರಿವಿಷನ್ ಎ ಪ್ರಕಾರ ಮಾಡಿದ ಲಾಟ್ ತೋರಿಸಿ" ಎಂದರೆ ಡ್ರಾಯಿಂಗೇ ಇರುವುದಿಲ್ಲ. ಹಾಗಾಗಿ ಪ್ರತಿ ರಿವಿಷನ್‌ಗೆ ಬೇರೆ ಫೈಲ್, ಎರಡು ಫೋಲ್ಡರ್: "ಚಾಲ್ತಿ", "ರದ್ದು". ಚಾಲ್ತಿಯಲ್ಲಿ ಒಂದು ಪಾರ್ಟ್ ನಂಬರ್‌ಗೆ ಒಂದೇ ಫೈಲ್. ರದ್ದು ಫೋಲ್ಡರ್ ಡಿಸೈನ್‌ನವರಿಗೆ ಮಾತ್ರ ಕಾಣಬೇಕು. ಅಟ್ಯಾಚ್‌ಮೆಂಟ್ ಕಳಿಸುವ ಬದಲು ಚಾಲ್ತಿ ಫೋಲ್ಡರ್‌ನ ಲಿಂಕ್ ಕಳಿಸಿ, ಫೈಲ್‌ನ ಲಿಂಕ್ ಅಲ್ಲ.

ಕಾಗದದ ಪ್ರಿಂಟ್ ಇದರಿಂದ ಸರಿಹೋಗುವುದಿಲ್ಲ, ಅದನ್ನು ಕೈಯಾರೆ ಹಿಡಿಯಬೇಕು. ಪ್ರಿಂಟ್ ಕೊಡುವಾಗ ಎಷ್ಟು ಪ್ರತಿ, ಯಾವ ಮೆಷಿನ್‌ಗೆ ಎಂದು ರಿಜಿಸ್ಟರ್‌ನಲ್ಲಿ ಬರೆಯಿರಿ. ಹೊಸದು ಕೊಡುವುದು ಹಳೆಯದು ಕೈಗೆ ಬಂದ ಮೇಲೆಯೇ.

ಚಾಟ್: ಗೂಗಲ್ ಚಾಟ್‌ನಲ್ಲಿ ಸ್ಪೇಸ್‌ಗಳನ್ನು ಇಲಾಖೆವಾರು ಮಾಡಬೇಡಿ, ಗ್ರಾಹಕವಾರು ಮಾಡಿ. ಇಲಾಖೆವಾರು ಮಾಡಿದರೆ ಒಂದೇ ಜಾಬ್‌ನ ಮಾತು ನಾಲ್ಕು ಕಡೆ ಚೆದುರುತ್ತದೆ. ಹಿಸ್ಟರಿ ಆಫ್ ಇದ್ದರೆ ಸಂದೇಶ 24 ಗಂಟೆಯಲ್ಲಿ ಮಾಯ, ಅಡ್ಮಿನ್ ಕನ್ಸೋಲ್‌ನಲ್ಲೇ ಆನ್ ಮಾಡಿ ಬೀಗ ಹಾಕಿ. ಇನ್ನೊಂದು ಮಾತು: "ನಮಸ್ತೆ ಸರ್" ಎಂದಷ್ಟೇ ಬರೆದು ಉತ್ತರಕ್ಕೆ ಕಾಯುವ ಪದ್ಧತಿ ಚಾಟನ್ನು ಮೇಲ್‌ಗಿಂತ ಕೆಟ್ಟದ್ದಾಗಿ ಮಾಡುತ್ತದೆ. ನಮಸ್ತೆ, ಜಾಬ್ ನಂಬರ್, ಪ್ರಶ್ನೆ, ಯಾವಾಗಿನೊಳಗೆ ಉತ್ತರ ಬೇಕು, ಎಲ್ಲವೂ ಮೊದಲ ಸಂದೇಶದಲ್ಲೇ ಇರಲಿ.

---

ಹುಬ್ಬಳ್ಳಿ_ಸೆಕೆಂಡ್‌ಶಿಫ್ಟ್

ಬೋರ್ಡ್ ಚಲೋನ ಐತ್ರಿ, ಖರೆ ಅದು ಫಸ್ಟ್ ಶಿಫ್ಟ್‌ನವ್ರಿಗಷ್ಟ. ಬೆಳಿಗ್ಗೆ ಮೀಟಿಂಗ್ ಮಾಡ್ತೀರಿ, ಮಧ್ಯಾಹ್ನ ಬಂದಾವ್ರಿಗೆ ಯಾರ್ ಹೇಳ್ತಾರ? ಶಿಫ್ಟ್ ಬದಲಾಗೋ ಹೊತ್ತಿನ್ಯಾಗ ಇಬ್ರೂ ಸೂಪರ್ವೈಸರ್ ಬೋರ್ಡ್ ಮುಂದ ಐದು ನಿಮಿಷ ನಿಂದ್ರಬೇಕು. ಅದಕ್ಕ ಅರ್ಧಾ ತಾಸು ಶಿಫ್ಟ್ ಒಂದರ ಮ್ಯಾಲೊಂದು ಬರೂದು ಬ್ಯಾಡ, ಹತ್ತು ನಿಮಿಷ ಸಾಕು.

ವಾಟ್ಸಾಪ್ ಪೂರ್ತಿ ಬಿಡ್ರಿ ಅಂತ ನಾ ಹೇಳೂದಿಲ್ಲ. ಆಪರೇಟರ್ ಕೈಯಾಗ ಇರೂದು ಅದೊಂದ. ಟೂಲ್ ಮುರೀತು, ಕರೆಂಟ್ ಹೋತು, ಇವಕ್ಕ ವಾಟ್ಸಾಪ್ ಅಥವಾ ಫೋನ್. ಆದ್ರ ಡ್ರಾಯಿಂಗ್ ಮತ್ತ ಅಳತಿ ಅದರಾಗ ಹಾಕಬ್ಯಾಡ್ರಿ. ಫೋಟೊ ಅಂತ ಕಳಿಸಿದ್ರ ಅದು ಕುಗ್ಗತೈತಿ, 0.02 ಅಂತ ಇದ್ದದ್ದು 0.2 ಅಂತ ಓದಿ ಪೀಸ್ ಹಾಳಾಗತೈತಿ. ಮತ್ತ ಗ್ರೂಪ್‌ನ್ಯಾಗ ಮೆಸೇಜ್ ತಾವಾಗೆ ಅಳಿಸಿ ಹೋಗೋ ಸೆಟ್ಟಿಂಗ್ 24 ತಾಸು, 7 ದಿನ, 90 ದಿನ ಅಂತ ಇರ್ತೈತಿ. ಯಾರರ ಆನ್ ಮಾಡ್ಯಾರೇನು ನೋಡ್ಕೋರಿ. ಸೆಟ್ಟಿಂಗ್ ಬದಲಿ ಮಾಡೂದು ಅಡ್ಮಿನ್ ಕೈಯಾಗಷ್ಟ ಇರ್ಲಿ.

---

ಕ್ಯೂಎ_ಡೆಸ್ಕ್

ಮೇಲ್ ಬಿಡಬಾರದ ಜಾಗಗಳನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉತ್ಸಾಹದಲ್ಲಿ ಇವೂ ಚಾಟ್‌ಗೆ ಹೋಗುತ್ತವೆ.

ಪಿಒ (ಪರ್ಚೇಸ್ ಆರ್ಡರ್) ಮತ್ತು ಅದರ ತಿದ್ದುಪಡಿ, ದರ, ಗ್ರಾಹಕರು ಕೊಟ್ಟ ಡೀವಿಯೇಷನ್ ಒಪ್ಪಿಗೆ (ಅಳತೆ ಸ್ವಲ್ಪ ತಪ್ಪಿದ್ದರೂ ತೆಗೆದುಕೊಳ್ಳುತ್ತೇವೆ ಎಂಬುದು), ರಿಜೆಕ್ಷನ್. ಫೋನಿನಲ್ಲಿ ಗ್ರಾಹಕರು "ಪರವಾಗಿಲ್ಲ, 0.05 ಹೆಚ್ಚಿದ್ದರೂ ಕಳಿಸಿ" ಎಂದರೆ ಆಗಲೇ ಎರಡು ಸಾಲು ಮೇಲ್ ಹಾಕಿ: ಪಾರ್ಟ್ ನಂಬರ್, ಲಾಟ್, ಎಷ್ಟು ಪೀಸ್, ಯಾವ ಅಳತೆ. ಅವರಿಂದ ಒಪ್ಪಿಗೆಯ ಉತ್ತರ ಬಂದ ಮೇಲೆಯೇ ಮಾಲು ಹೊರಡಲಿ.

ರಿಜೆಕ್ಷನ್ ವಿಷಯದಲ್ಲಿ ಕಾನೂನೂ ಇದೆ. 2006ರ ಎಂಎಸ್‌ಎಂಇಡಿ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಮೈಕ್ರೊ ಅಥವಾ ಸ್ಮಾಲ್ ಘಟಕದಿಂದ ಮಾಲು ತೆಗೆದುಕೊಂಡವರು ಆಕ್ಷೇಪವನ್ನು 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸದಿದ್ದರೆ ಮಾಲನ್ನು ಒಪ್ಪಿಕೊಂಡಂತೆಯೇ. ಹಣ ಕೊಡುವ ಅವಧಿ, ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ನೀವು ಹೊರಗೆ ಕೆಲಸ ಕೊಟ್ಟಾಗ ಇದೇ ನಿಯಮ ನಿಮಗೂ ಅನ್ವಯಿಸಬಹುದು: ನಿಮ್ಮ ಪ್ಲೇಟಿಂಗ್‌ನವರ ಕೆಲಸ ಸರಿಯಿಲ್ಲ ಎಂದು ಸ್ಟೋರ್ಸ್‌ನವರು ಫೋನಿನಲ್ಲಿ ಬೈದರೆ ಅದು ಬರವಣಿಗೆ ಆಗುವುದಿಲ್ಲ.

ವಾಟ್ಸಾಪ್ ಸಂದೇಶ ಸಾಕ್ಷ್ಯವೇ ಆಗುವುದಿಲ್ಲ ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಯನ್ನು ಒಪ್ಪುತ್ತದೆ, ಜೊತೆಗೆ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಹ್ಯಾಷ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು. ಕೆಲಸ ಬಿಟ್ಟು ಹೋದ ಸೂಪರ್‌ವೈಸರ್‌ನ ಸ್ವಂತ ಫೋನಿನಲ್ಲಿರುವ ಸಂದೇಶಕ್ಕೆ ಇದನ್ನೆಲ್ಲ ಎಲ್ಲಿಂದ ತರುತ್ತೀರಿ?

ಐಎಸ್‌ಒ (ಗುಣಮಟ್ಟ ಪ್ರಮಾಣಪತ್ರದ) ಆಡಿಟ್‌ಗೆ ಹೆದರಬೇಡಿ. ಐಎಸ್‌ಒ 9001:2015ರ 7.5ನೇ ಭಾಗ ಕೇಳುವುದು ದಾಖಲೆ ನಿಯಂತ್ರಣದಲ್ಲಿರಬೇಕು ಎಂದು, ಮೇಲ್‌ನಲ್ಲಿರಬೇಕು ಎಂದಲ್ಲ. ಆದರೆ ವೈಟ್ ಬೋರ್ಡ್ ದಾಖಲೆ ಅಲ್ಲ. ದಾಖಲೆ ಎಂದರೆ ಜಾಬ್ ಕಾರ್ಡ್, ಸಹಿ ಮತ್ತು ತಾರೀಖಿನ ಸಮೇತ.

---

ಪ್ಲಾನಿಂಗ್_ಪೀಣ್ಯ

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿವೆ. ಬೋರ್ಡ್ ಬದಲು ಗೂಗಲ್ ಶೀಟ್ ಮಾಡಿದ್ರೆ ಆಗಲ್ವಾ, ಓನರ್ ಸಾಹೇಬರು ಊರಲ್ಲಿ ಇಲ್ಲದಾಗಲೂ ನೋಡಬಹುದು? ಇನ್ನೊಂದು, ಅವರೇ "ಎಲ್ಲದಕ್ಕೂ ನನ್ನ ಸಿಸಿ ಇಡಿ" ಅಂತಾರೆ. ಅದಕ್ಕೇನು ಮಾಡೋದು?

---

ಹಳೇ_ಪ್ಲಾನರ್

ಶೀಟ್ ಮಾಡಿ, ಆದ್ರೆ ಬೋರ್ಡ್ ಒಂದು ತಿಂಗಳು ನಡೆದ ಮೇಲೆ. ಶೀಟ್‌ನಿಂದ ಶುರು ಮಾಡಿದ್ರೆ ಆಪರೇಟರ್ ಅದನ್ನ ತೆಗೆಯಲ್ಲ, ಕೊನೆಗೆ ತುಂಬೋರು ನೀವೊಬ್ಬರೇ. ಅಲ್ಲೀವರೆಗೆ ಮೀಟಿಂಗ್ ಮುಗಿದ ಕೂಡಲೇ ಬೋರ್ಡ್‌ನ ಫೋಟೊ ಒಂದನ್ನ ಓನರ್‌ಗೆ ಕಳಿಸಿ. ಅವರು "ಎಲ್ಲಿಗೆ ಬಂತು" ಅಂತ ಮೇಲ್ ಮಾಡಿದ್ರೆ ಉತ್ತರ ಬರೆಯಬೇಡಿ, ಅದೇ ಫೋಟೊದಲ್ಲಿ ಆ ಕಾರ್ಡ್‌ಗೆ ಗುಂಡು ಗುರುತು ಹಾಕಿ ವಾಪಸ್ ಕಳಿಸಿ.

ಸಿಸಿ ಕಥೆ ಬೇರೆ. ತಪ್ಪಾದಾಗ ಓನರ್ ಕೇಳೋ ಮೊದಲ ಪ್ರಶ್ನೆ "ಮೇಲ್ ಹಾಕಿದ್ಯಾ?" ಅಂತ ಇರೋವರೆಗೂ ಸಿಸಿ ನಿಲ್ಲಲ್ಲ. ಆ ಪ್ರಶ್ನೆ "ಕೆಂಪು ಮ್ಯಾಗ್ನೆಟ್ ಹಾಕಿದ್ಯಾ?" ಅಂತ ಆಗಬೇಕು. ಹಾಕಿದ್ರೆ ಹೇಳಿದ ಹಾಗೆ, ಹಾಕದಿದ್ರೆ ಹೇಳದ ಹಾಗೆ, ಇದನ್ನ ಅವರ ಬಾಯಿಂದಲೇ ಎಲ್ಲರ ಮುಂದೆ ಹೇಳಿಸಿ. ನೀವು ಹೇಳಿದ್ರೆ ಯಾರೂ ನಂಬಲ್ಲ. ಒಪ್ಪಿಗೆ ಕೇಳೋ ಮೇಲ್‌ಗಳಿಗೂ ಇದೇ ದಾರಿ: ಇಂಥ ಮೊತ್ತದವರೆಗೆ ಪರ್ಚೇಸ್‌ನವರೇ ತೀರ್ಮಾನಿಸಬಹುದು ಅಂತ ಮಿತಿ ಹಾಕಿಸಿ, ತಿಂಗಳ ಕೊನೆಗೆ ಪಟ್ಟಿ ತೋರಿಸಿ. ಮಿತಿ ಎಷ್ಟು ಅಂತ ಹಿಂದಿನ ಮೂರು ತಿಂಗಳ ಪಿಒ ನೋಡಿ; ಮೊತ್ತ ಸಣ್ಣದು, ಸಂಖ್ಯೆ ದೊಡ್ಡದು ಇರೋ ಕಡೆ ಗೆರೆ ಎಳೀರಿ.

---

ಅಡ್ಮಿನ್_ಮೈಸೂರು

ಅವರ ಸಿಸಿಗೆ ಒಂದು ಫಿಲ್ಟರ್ ಕೂಡ ಹಾಕಿಕೊಡಿ. ಜಿಮೇಲ್ ಫಿಲ್ಟರ್‌ನ "ಹ್ಯಾಸ್ ದ ವರ್ಡ್ಸ್" ಪೆಟ್ಟಿಗೆಯಲ್ಲಿ ಸಿಸಿ, ಕೋಲನ್, ಮಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಜಾಗ ಬಿಡದೆ ಬರೆದು, "ಸ್ಕಿಪ್ ದ ಇನ್‌ಬಾಕ್ಸ್" ಟಿಕ್ ಮಾಡಿ, "ಸಿಸಿ" ಎಂಬ ಲೇಬಲ್ ಕೊಡಿ. ಗ್ರಾಹಕರ ಡೊಮೇನ್‌ಗಳನ್ನು ಮಾತ್ರ ಇದರಿಂದ ಹೊರಗಿಡಿ. ಗ್ರಾಹಕರು ಅವರನ್ನು ಸಿಸಿಯಲ್ಲಿ ಇಟ್ಟರೆ ಅದಕ್ಕೆ ಕಾರಣ ಇರುತ್ತದೆ. ಎರಡು ವಾರ ಬಿಟ್ಟು ಆ ಲೇಬಲ್‌ನಲ್ಲಿ ಓದದೆ ಉಳಿದದ್ದು ಎಷ್ಟಿದೆ ಎಂದು ಅವರಿಗೇ ತೋರಿಸಿ.