ಒಡಲಾಳದ ಸಾಕವ್ವ, ತೆರೆಯ ಮೇಲಿನ ಗುಲಾಬಿ: ಉಮಾಶ್ರೀ ಅವರ ನಡುವಿನ ವರ್ಷಗಳನ್ನು ಹೇಗೆ ನೋಡಬೇಕು?

ಪ್ರಶ್ನೆ (ರಂಗಾಸಕ್ತೆ):

ರಂಗಭೂಮಿಯಿಂದ ಚಲನಚಿತ್ರಕ್ಕೆ ಹೋದ ಕನ್ನಡದ ನಟಿಯರನ್ನು ಕುರಿತು ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಉಮಾಶ್ರೀ ಅವರ ಭಾಗಕ್ಕೆ ಬಂದಾಗ ಬರವಣಿಗೆ ಮುಂದೆ ಸಾಗುತ್ತಿಲ್ಲ. ದೇವನೂರ ಮಹಾದೇವರ ‘ಒಡಲಾಳ’ ಕೃತಿಯನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಅದರ ಮುದುಕಿ ಸಾಕವ್ವನಾಗಿ ನಿಂತವರು ಅವರು. ಆ ಪಾತ್ರವನ್ನು ನೋಡಿದವರು ಇಂದಿಗೂ ಅದನ್ನು ಬಿಟ್ಟು ಬೇರೆ ಮಾತನಾಡುವುದಿಲ್ಲ. ಆದರೆ ಚಿತ್ರರಂಗ ಅವರನ್ನು ಗುರುತಿಸಿದ್ದು ಕಾಶಿನಾಥ್ ಅವರ 1984ರ ‘ಅನುಭವ’ದ ಮೂಲಕ. ಅಲ್ಲಿಂದ ಮುಂದೆ ಬಹುಪಾಲು ಅವರಿಗೆ ದೊರೆತದ್ದು ಹಾಸ್ಯ ಪಾತ್ರಗಳು, ಅದರಲ್ಲಿಯೂ ದ್ವಂದ್ವಾರ್ಥದ ಸಂಭಾಷಣೆಯೇ ಬಂಡವಾಳವಾಗಿದ್ದ ಪಾತ್ರಗಳು. ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂತು, 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯೂ ಬಂತು. ನಡುವಿನ ಆ ವರ್ಷಗಳನ್ನು ಪ್ರತಿಭೆಯ ನಷ್ಟವೆಂದು ಬರೆಯುವುದು ನ್ಯಾಯವೇ? ರಂಗದಲ್ಲಿ ಕಲಿತದ್ದರಲ್ಲಿ ಎಷ್ಟು ಭಾಗ ಕ್ಯಾಮೆರಾದ ಮುಂದೆ ಉಳಿಯುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಕಂಪನಿ ನಾಟಕದ ಪ್ರೇಕ್ಷಕ):

ಉಮಾಶ್ರೀಯವರಿಗಿಂತ ಹಿಂದಿನವರನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ವೃತ್ತಿರಂಗಭೂಮಿಯ ಕಾಲದಲ್ಲಿ ನಟಿಯೊಬ್ಬಳೇ ಸಿನಿಮಾಕ್ಕೆ ಹೋಗುತ್ತಿರಲಿಲ್ಲ, ಕಂಪನಿಯೇ ಹೋಗುತ್ತಿತ್ತು. ಗುಬ್ಬಿ ವೀರಣ್ಣನವರು ಮೂಕಿಚಿತ್ರಗಳಿಗೆ ಕೈಹಾಕಿದಾಗ ಅವರ ಕಂಪನಿಯ ನಾಯಕಿ ಬಿ. ಜಯಮ್ಮನವರೇ ತೆರೆಯ ಮೇಲೂ ನಾಯಕಿಯಾದರು. ಮುಂದೆ 1942ರ ‘ಜೀವನ ನಾಟಕ’, ಅನಂತರ ‘ಹೇಮರೆಡ್ಡಿ ಮಲ್ಲಮ್ಮ’, 1953ರ ‘ಗುಣಸಾಗರಿ’ ಹೀಗೆ ಅವರ ಚಿತ್ರಜೀವನ ಬೆಳೆಯಿತು. ಮಲ್ಲಮ್ಮನ ಕಥೆಗೆ ಹಾಡು ಬೇಕು, ಭಕ್ತಿ ಬೇಕು, ಕಣ್ಣೀರು ಬೇಕು. ಅದೆಲ್ಲವನ್ನೂ ಅವರು ನಾಟಕದ ರಾತ್ರಿಗಳಲ್ಲಿ ಸಾವಿರಾರು ಜನರ ಮುಂದೆ ಮೊದಲೇ ಪಳಗಿಸಿಕೊಂಡಿದ್ದರು. ಎಂ.ವಿ. ರಾಜಮ್ಮನವರ ದಾರಿಯೂ ಅಂಥದ್ದೇ. ಚಂದ್ರಕಲಾ ನಾಟಕ ಮಂಡಳಿಯ ‘ಸಂಸಾರ ನೌಕಾ’ 1936ರಲ್ಲಿ ಚಿತ್ರವಾದಾಗ ಅವರೂ ಅದರೊಡನೆ ತೆರೆಗೆ ಬಂದರು, ಮತ್ತು 1943ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸುವಷ್ಟು ಸ್ವತಂತ್ರರಾಗಿ ಬೆಳೆದರು. ಆ ಕಾಲದಲ್ಲಿ ಒಬ್ಬ ನಟಿ ನಿರ್ಮಾಪಕಿಯಾಗುವುದು ಸಣ್ಣ ಮಾತಲ್ಲ, ಆ ಬಗ್ಗೆ ನಮ್ಮಲ್ಲಿ ಯಾರೂ ಸಾಕಷ್ಟು ಬರೆದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಹೇಳಬೇಕಾದ ಮಾತು ಇಷ್ಟು: ಜಯಮ್ಮ, ರಾಜಮ್ಮ ಅವರೊಂದಿಗೆ ಅವರ ಕಥೆಗಳು, ಅವರ ಲೇಖಕರು, ಅವರ ಸಹನಟರು ಎಲ್ಲರೂ ಸ್ಟುಡಿಯೋದ ಒಳಗೆ ಬಂದರು. ಉಮಾಶ್ರೀಯವರ ಕಾಲಕ್ಕೆ ಆ ಸೇತುವೆ ಮುರಿದಿತ್ತು. ಬೆಂಗಳೂರಿನ ಹವ್ಯಾಸಿ ರಂಗಭೂಮಿಯೂ ಚಿತ್ರೋದ್ಯಮದ ಗಾಂಧಿನಗರವೂ ಒಂದೇ ಊರಿನಲ್ಲಿದ್ದರೂ ಒಂದರ ಕಥೆ ಇನ್ನೊಂದಕ್ಕೆ ಬೇಕಿರಲಿಲ್ಲ. ನಟಿಯೊಬ್ಬಳೇ ಆಚೆ ದಾಟಬೇಕಾಯಿತು, ಸಾಕವ್ವ ಈಚೆಯೇ ಉಳಿದಳು.

ಉತ್ತರ 2 (ನೇಪಥ್ಯ):

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ನಡುವಿನ ವರ್ಷಗಳನ್ನು ನಷ್ಟದ ಲೆಕ್ಕಕ್ಕೆ ಬರೆಯುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಹವ್ಯಾಸಿ ರಂಗಭೂಮಿ ಹೆಸರು ಕೊಡುತ್ತದೆ, ಗೌರವ ಕೊಡುತ್ತದೆ, ಮನೆಯ ಬಾಡಿಗೆ ಕೊಡುವುದಿಲ್ಲ. ಸಂಸಾರದ ಭಾರವನ್ನು ಒಬ್ಬರೇ ಹೊತ್ತ ಹೆಣ್ಣುಮಗಳೊಬ್ಬಳು ತನಗೆ ಬಂದ ಚಿತ್ರಗಳನ್ನು ಒಪ್ಪಿಕೊಂಡದ್ದನ್ನು, ಸಂಬಳದ ನೌಕರಿಯಲ್ಲಿದ್ದು ಸಂಜೆ ನಾಟಕಕ್ಕೆ ಬರುತ್ತಿದ್ದ ನಮ್ಮಂಥವರು ಪತನವೆಂದು ಕರೆಯುವುದು ಸಲ್ಲದು.

ಇನ್ನು ಆ ಹಾಸ್ಯದ ಗುಣವನ್ನೇ ನೋಡೋಣ. ಹಾಸ್ಯನಟ ಎನ್.ಎಸ್. ರಾವ್ ಅವರ ಜೊತೆಗಿನ ದೃಶ್ಯಗಳಲ್ಲಿ ಸಂಭಾಷಣೆ ಎಷ್ಟೇ ಅಗ್ಗವಾಗಿದ್ದರೂ ಉಮಾಶ್ರೀಯವರ ಸಮಯಪ್ರಜ್ಞೆ ಅಗ್ಗವಾಗಿರಲಿಲ್ಲ. ಎದುರಿನವರ ಮಾತು ಮುಗಿಯುವುದಕ್ಕೆ ಅರೆಕ್ಷಣ ಮೊದಲೇ ಅವರ ಹುಬ್ಬು ಏರುತ್ತದೆ, ಮಾತು ಮುಗಿದ ಮೇಲೆ ಒಂದು ಸಣ್ಣ ತಡೆ ಬರುತ್ತದೆ, ಆಮೇಲೆ ಉತ್ತರ ಬೀಳುತ್ತದೆ. ಸಭಾಂಗಣದ ನಗೆ ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಕಿವಿಯಿಂದ ಕಲಿತವರಿಗೆ ಮಾತ್ರ ಆ ತಡೆ ಸಾಧ್ಯ. ಎದುರಿಗೆ ಪ್ರೇಕ್ಷಕರೇ ಇಲ್ಲದ ಸೆಟ್ಟಿನಲ್ಲಿ ನಿಂತು, ತಿಂಗಳುಗಳ ಅನಂತರ ಯಾವುದೋ ಊರಿನ ಟಾಕೀಸಿನಲ್ಲಿ ಏಳಲಿರುವ ನಗೆಗೆ ಜಾಗ ಬಿಟ್ಟು ಮಾತನಾಡುವುದು ರಂಗದ ವಿದ್ಯೆಯೇ. ಆ ಚಿತ್ರಗಳು ಹೆಣ್ಣನ್ನು ನೋಡಿದ ರೀತಿಯ ಬಗ್ಗೆ ನನಗೂ ತಕರಾರಿದೆ, ಆದರೆ ಆ ತಕರಾರು ಬರೆದವರ ಮೇಲೆ, ತೆಗೆದವರ ಮೇಲೆ. ಅಭಿನಯಿಸಿದವರ ಮೇಲಲ್ಲ.

ಉತ್ತರ 3 (ಸಂಕಲನದ ಮೇಜು):

ಪ್ರಶ್ನೆಯ ಎರಡನೆಯ ಭಾಗಕ್ಕೆ, ಅಂದರೆ ರಂಗದ ಅಭ್ಯಾಸ ಕ್ಯಾಮೆರಾದ ಮುಂದೆ ಏನಾಗುತ್ತದೆ ಎಂಬುದಕ್ಕೆ ನನ್ನ ಕೆಲಸದ ಅನುಭವದಿಂದ ಉತ್ತರಿಸುತ್ತೇನೆ.

ನಾಟಕದಿಂದ ಬಂದ ನಟಿಗೆ ಮೊದಲು ಎದುರಾಗುವ ತೊಡಕು ಅಳತೆಯದು. ಕೊನೆಯ ಸಾಲಿನವರಿಗೂ ಕಾಣುವಂತೆ, ಕೇಳುವಂತೆ ರೂಢಿಸಿಕೊಂಡ ಮುಖಚಲನೆ ಮತ್ತು ಸ್ವರ ಸಮೀಪಚಿತ್ರಿಕೆಯಲ್ಲಿ (ಕ್ಲೋಸ್‌ಅಪ್) ದುಪ್ಪಟ್ಟಾಗಿ ಕಾಣುತ್ತವೆ. ಎರಡನೆಯ ತೊಡಕು ಕ್ರಮದ್ದು. ರಂಗದಲ್ಲಿ ಪಾತ್ರ ಮೊದಲ ಅಂಕದಿಂದ ಕೊನೆಯ ಅಂಕದವರೆಗೆ ಒಂದೇ ಉಸಿರಿನಲ್ಲಿ ಏರುತ್ತದೆ, ಚಿತ್ರೀಕರಣದಲ್ಲಿ ಗಂಡನ ಸಾವು ಮೊದಲ ದಿನ, ಮದುವೆ ಕೊನೆಯ ವಾರ. ಆದರೆ ಲಾಭವೂ ಇಲ್ಲಿಯೇ ಇದೆ. ಇಡೀ ಪಾತ್ರವನ್ನು ಒಮ್ಮೆಗೇ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿರುವ ನಟಿ ಯಾವ ತುಣುಕು ಎಲ್ಲಿ ಕೂರುತ್ತದೆಂದು ತಿಳಿದೇ ಅಭಿನಯಿಸುತ್ತಾಳೆ, ಮತ್ತು ಅಂಥವರ ದೃಶ್ಯಗಳನ್ನು ಜೋಡಿಸುವಾಗ ಕತ್ತರಿಗೆ ಕೆಲಸ ಕಡಿಮೆ. ಟೇಕಿನಿಂದ ಟೇಕಿಗೆ ಅವರ ಕೈ ಅದೇ ಮಾತಿಗೆ ಅದೇ ಎತ್ತರಕ್ಕೆ ಏಳುತ್ತದೆ.

‘ಗುಲಾಬಿ ಟಾಕೀಸ್’ ಈ ದೃಷ್ಟಿಯಿಂದ ಮತ್ತೆ ಮತ್ತೆ ನೋಡಬೇಕಾದ ಚಿತ್ರ. ವೈದೇಹಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ಗುಲಾಬಿ, ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ, ಗಂಡ ಬಿಟ್ಟ ಮುಸ್ಲಿಂ ಹೆಂಗಸು, ಸಿನಿಮಾದ ಹುಚ್ಚು ಹಿಡಿದವಳು. ಹೆರಿಗೆಯೊಂದನ್ನು ಮಾಡಿಸಿದ ಋಣಕ್ಕಾಗಿ ಅವಳ ಗುಡಿಸಿಲಿಗೆ ಡಿಶ್ ಆಂಟೆನಾ ಸಮೇತ ಟಿ.ವಿ. ಬರುತ್ತದೆ. ಅಕ್ಕಪಕ್ಕದ ಹೆಂಗಸರು ಅಲ್ಲಿ ಬಂದು ಕೂಡುತ್ತಾರೆ, ಕಾರ್ಗಿಲ್ ಯುದ್ಧದ ಆ ದಿನಗಳಲ್ಲಿ ಊರಿನ ಮನಸ್ಸು ಒಡೆದಾಗ ಅದೇ ಗುಡಿಸಿಲು ಅನುಮಾನದ ಜಾಗವಾಗುತ್ತದೆ. ನಟಿಯ ಪಾಲಿಗೆ ಈ ಪಾತ್ರದ ಕಷ್ಟವೇನೆಂದರೆ, ಗುಲಾಬಿಯ ದೊಡ್ಡ ಸುಖ ನೋಡುವುದು. ತೆರೆಯನ್ನು ನೋಡುತ್ತಾ ಕುಳಿತಿರುವ ಮುಖವನ್ನೇ ನಾವು ನೋಡಬೇಕು. ಅಲ್ಲಿ ಮಾತಿಲ್ಲ, ಎದುರಾಳಿಯಿಲ್ಲ, ಎತ್ತಲು ಹುಬ್ಬೂ ಇಲ್ಲ. ರಂಗದಲ್ಲಿ ಹಿಗ್ಗಿಸಿ ತೋರಿಸುವುದನ್ನು ಕಲಿತ, ಜನಪ್ರಿಯ ಚಿತ್ರಗಳಲ್ಲಿ ಅದನ್ನು ಇನ್ನೂ ಹಿಗ್ಗಿಸಬೇಕಾಗಿ ಬಂದ ನಟಿ ಇಲ್ಲಿ ಎಲ್ಲವನ್ನೂ ಒಳಕ್ಕೆ ಎಳೆದುಕೊಂಡಿದ್ದಾರೆ. ಇದು ಕಾಸರವಳ್ಳಿಯವರ ಶಿಸ್ತಿನ ಫಲ ಎನ್ನುವವರಿದ್ದಾರೆ. ಶಿಸ್ತು ನಿರ್ದೇಶಕರದಿರಬಹುದು, ಆದರೆ ಒಳಗೆ ಏನಾದರೂ ತುಂಬಿದ್ದರೆ ಮಾತ್ರ ತಡೆಹಿಡಿದದ್ದು ಕಾಣುತ್ತದೆ.

ಮರು ಪ್ರಶ್ನೆ (ರಂಗಾಸಕ್ತೆ):

ಮೂವರಿಗೂ ವಂದನೆಗಳು. ‘ನಷ್ಟ’ ಎಂಬ ಪದವನ್ನು ಕರಡಿನಿಂದ ತೆಗೆದಿದ್ದೇನೆ. ಒಂದು ಸಂದೇಹ ಉಳಿದಿದೆ. ಸಾಕವ್ವನನ್ನು ಕಂಡ ಯಾವ ಚಿತ್ರ ನಿರ್ದೇಶಕರಿಗೂ ಅಷ್ಟು ವರ್ಷ ಅಂಥ ಪಾತ್ರವೊಂದನ್ನು ಅವರಿಗೆ ಕೊಡಬೇಕೆಂದು ಏಕೆ ತೋರಲಿಲ್ಲ?

ಉತ್ತರ 4 (ಕಂಪನಿ ನಾಟಕದ ಪ್ರೇಕ್ಷಕ):

ಆ ಪಾತ್ರ ಯಾವುದೆಂದು ಒಮ್ಮೆ ನೆನಪಿಸಿಕೊಂಡರೆ ಉತ್ತರ ಹೊಳೆಯುತ್ತದೆ. ಕಳೆದುಹೋದ ಹುಂಜಕ್ಕಾಗಿ ಕೇರಿಗೆಲ್ಲ ಕೇಳುವಂತೆ ಕೂಗಾಡುವ ಮುದುಕಿ, ಸಾಹುಕಾರನ ಕಡಲೆಕಾಯಿಯನ್ನು ರಾತ್ರಿಯಿಡೀ ಸುತ್ತ ಕುಳಿತು ಸುಲಿದು ತಿನ್ನುವ ಸಂಸಾರ, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸರು. ಇಂಥ ಬಡ ದಲಿತ ಮುದುಕಿಯನ್ನು ಕಥೆಯ ನಡುವೆ ಕೂರಿಸಲು ನಾಟಕಕ್ಕೆ ಧೈರ್ಯವಿತ್ತು, ಏಕೆಂದರೆ ಅದರ ಹಿಂದೆ ಬಂಡಾಯ ಮತ್ತು ದಲಿತ ಚಳವಳಿಗಳ ಬಲವಿತ್ತು. ಜನಪ್ರಿಯ ಚಿತ್ರಕ್ಕೆ ನಾಯಕಿ ಬೇಕಿತ್ತು, ನಾಯಕನ ತಾಯಿ ಬೇಕಿತ್ತು, ನಗಿಸುವ ಹೆಂಗಸು ಬೇಕಿತ್ತು. ಮೈಬಣ್ಣ, ಮುಖಚಹರೆ, ಮಾತಿನ ಗ್ರಾಮ್ಯ ಲಯ ಇವೆಲ್ಲವನ್ನೂ ನೋಡಿ ಮೂರನೆಯ ಖಾನೆಗೆ ಅವರನ್ನು ಹಾಕಲಾಯಿತು. ಇದನ್ನು ನಾನು ಬಹಳ ನೋವಿನಿಂದಲೇ ಹೇಳುತ್ತಿದ್ದೇನೆ.

ಬಿ. ಜಯಶ್ರೀ ಅವರ ದಾರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, ‘ಸ್ಪಂದನ’ ತಂಡವನ್ನು ಕಟ್ಟಿದವರು. ಅವರ ಕಂಠವನ್ನು ಚಿತ್ರರಂಗ ಮಾಧವಿ, ಅಂಬಿಕಾ ಮುಂತಾದ ನಾಯಕಿಯರಿಗೆ ಎರವಲು ಪಡೆಯಿತು. ಅವರದೇ ಮುಖಕ್ಕೆ ತಕ್ಕ ಪಾತ್ರವಾಗಿ 1997ರ ‘ನಾಗಮಂಡಲ’ದ ಕುರುಡವ್ವ ಸಿಕ್ಕಿತು, ಅದೂ ಗಿರೀಶ ಕಾರ್ನಾಡರ ನಾಟಕದಿಂದಲೇ ಬಂದದ್ದು. ಗುಲಾಬಿ ಕೂಡ ಸಿನಿಮಾದವರು ಸೃಷ್ಟಿಸಿದ ಪಾತ್ರವಲ್ಲ, ವೈದೇಹಿಯವರ ಕಥೆಯವಳು. ಇವರಿಬ್ಬರ ಮಟ್ಟಿಗೆ ಒಳ್ಳೆಯ ಪಾತ್ರ ಪ್ರತಿ ಸಲವೂ ಸಾಹಿತ್ಯದ ಬಾಗಿಲಿನಿಂದಲೇ ಬಂದಿದೆ. ನಿಮ್ಮ ಲೇಖನ ಚಿತ್ರಕಥೆ ಬರೆದವರ ಕಡೆಗೂ ತಿರುಗಲಿ ಎಂದು ನನ್ನ ಕೋರಿಕೆ.

ಉತ್ತರ 5 (ನೇಪಥ್ಯ):

ಒಂದು ಸೇರ್ಪಡೆ. ರಾಷ್ಟ್ರಪ್ರಶಸ್ತಿಯಲ್ಲಿಗೆ ಲೇಖನವನ್ನು ಮುಗಿಸಬೇಡಿ. ಅವರು 2013ರಲ್ಲಿ ರಾಜ್ಯದ ಸಚಿವೆಯಾದರು, ಆ ಅವಧಿಯ ನಂತರ ‘ಶರ್ಮಿಷ್ಠೆ’ಯನ್ನು ಏಕವ್ಯಕ್ತಿ ಪ್ರದರ್ಶನವಾಗಿ ರಂಗಕ್ಕೆ ತಂದರು, ಜೊತೆಗೆ ಕಿರುತೆರೆಯಲ್ಲಿ ಪುಟ್ಟಕ್ಕನಾಗಿ ಮನೆಮನೆಗೆ ಬಂದರು. ಇಡೀ ನಾಟಕವನ್ನು ಒಂಟಿಯಾಗಿ ಹೊರುವ ಕೆಲಸಕ್ಕೆ ಅರವತ್ತು ದಾಟಿದ ಮೇಲೆ ಹಿಂತಿರುಗಿದವರನ್ನು ಕುರಿತು ಬರೆಯುವಾಗ, ರಂಗದಿಂದ ಸಿನಿಮಾಕ್ಕೆ ‘ಹೋದವರು’ ಎಂಬ ನಿಮ್ಮ ಮಾತು ಅವರ ಮಟ್ಟಿಗೆ ಸರಿಹೊಂದುತ್ತದೆಯೇ ಎಂಬುದನ್ನು ದಯವಿಟ್ಟು ಯೋಚಿಸಿ.