ಲ್ಯಾಪ್‌ಟಾಪ್ ಸತ್ತಿದೆ, ಹಾರ್ಡ್ ಡಿಸ್ಕ್‌ನಲ್ಲಿ ಅಪ್ಪನ ಸೋಬಾನೆ ಪದಗಳಿವೆ, ತೆಗೆಯುವುದು ಹೇಗೆ?

ಅರಸೀಕೆರೆ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದಾಗ ಮಳೆ ಬಂದು ಸಿಡಿಲು ಹೊಡೆಯಿತು, ಅವತ್ತಿಂದ ಆನ್ ಆಗುತ್ತಿಲ್ಲ. ಬೇರೆ ಚಾರ್ಜರ್ ಹಾಕಿ ನೋಡಿದೆವು, ಒಂದು ಲೈಟೂ ಇಲ್ಲ. ಊರಿನ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕುವ ಬದಲು ಬೇರೆ ಲ್ಯಾಪ್‌ಟಾಪ್ ತಗೊಳ್ಳಿ ಎಂದರು. ಅದು ಸರಿ, ಆದರೆ ಒಳಗಿರುವುದರ ಗತಿ ಏನು? ಅಪ್ಪ ರಿಟೈರ್ ಆದ ಮೇಲೆ ಸುತ್ತಮುತ್ತಲ ಹಳ್ಳಿಯ ಅಜ್ಜಿಯರ ಹತ್ತಿರ ಕೂತು ಸೋಬಾನೆ ಪದಗಳನ್ನು ಬರೆದುಕೊಂಡು ಬಂದು, ಒಂದೊಂದೇ ಬೆರಳಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ನೋಟ್‌ಬುಕ್ಕುಗಳಲ್ಲಿ ಅರ್ಧ ಗೆದ್ದಲು ತಿಂದಿದೆ. ಬೆಂಗಳೂರಿನ ಒಂದು ಕಡೆ ಫೋನ್ ಮಾಡಿದರೆ ಡಿಸ್ಕ್ ನೋಡುವ ಮೊದಲೇ ದೊಡ್ಡ ಮೊತ್ತ ಹೇಳಿದರು. 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಬೋರ್ಡ್ ಹೋದರೆ ಡಿಸ್ಕ್ ಕೂಡ ಹೋದ ಹಾಗೇನಾ?

ಸ್ಕ್ರೂ_ಬಿಚ್ಚುವವ:
ಇಲ್ಲ, ಬೋರ್ಡ್ ಬೇರೆ ಡಿಸ್ಕ್ ಬೇರೆ. ಅಷ್ಟು ಹಳೇ ಲ್ಯಾಪ್‌ಟಾಪ್ ಆದರೆ ಒಳಗೆ 2.5 ಇಂಚಿನ ಸಾಟಾ (ಕನೆಕ್ಟರಿನ ಒಂದು ಬಗೆ) ಡಿಸ್ಕ್ ಇರುತ್ತದೆ, ಹೆಚ್ಚುಕಮ್ಮಿ ಅಂಗೈ ಅಗಲ. ಬ್ಯಾಟರಿ ಕಳಚಿ, ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿ (ರಬ್ಬರ್ ಕಾಲಿನ ಅಡಿಯಲ್ಲೂ ಒಂದೆರಡು ಅಡಗಿರುತ್ತವೆ, ಬರಲಿಲ್ಲ ಅಂತ ಜೋರಾಗಿ ಎಳೆಯಬೇಡಿ), ಡಿಸ್ಕನ್ನು ಪಕ್ಕಕ್ಕೆ ಜಾರಿಸಿದರೆ ಕನೆಕ್ಟರ್ ಬಿಟ್ಟುಕೊಳ್ಳುತ್ತದೆ. ಸಾಟಾದಿಂದ ಯುಎಸ್‌ಬಿಗೆ ಕೇಬಲ್ ಅಂತ ಕೇಳಿ, ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಇದೆ, ದೊಡ್ಡ ಖರ್ಚೇನಲ್ಲ. 2.5 ಇಂಚಿನದಕ್ಕೆ ಯುಎಸ್‌ಬಿಯ 5 ವೋಲ್ಟೇ ಸಾಕು, ಬೇರೆ ಕರೆಂಟ್ ಬೇಡ. ಡೆಸ್ಕ್‌ಟಾಪ್‌ನ 3.5 ಇಂಚಿನದಾದರೆ 12 ವೋಲ್ಟಿನ ಅಡಾಪ್ಟರ್ ಬೇಕಾಗುತ್ತಿತ್ತು.

ಕೇಬಲ್ ಹಾಕಿದ ತಕ್ಷಣ ಸ್ಕ್ರೀನ್ ನೋಡಬೇಡಿ, ಕಿವಿ ಕೊಡಿ. ಸಣ್ಣಗೆ ಗುಯ್ ಎಂದು ಒಂದೇ ಸಮ ತಿರುಗುತ್ತಿದ್ದರೆ ಒಳ್ಳೆಯ ಸುದ್ದಿ. ಟಕ್ ಟಕ್ ಟಕ್ ಅಂತ ಹೊಡೆದುಕೊಂಡರೆ ಆಗಲೇ ಕಿತ್ತುಬಿಡಿ.

ಸುಮ್ನೆ_ಹೇಳ್ದೆ:
ಟಕ್ ಟಕ್ ಅಂದರೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರಲ್ಲಿ ಇಡಿ. ನಮ್ಮ ಭಾವನಿಗೆ ಕೆಲಸ ಮಾಡಿತ್ತು.

ಡೇಟಾ_ಗುಜರಿ:
ದಯವಿಟ್ಟು ಫ್ರೀಜರ್ ಕಥೆ ಬೇಡ ಸ್ವಾಮಿ. ಪ್ರತಿ ಸಲ ಯಾರಾದರೂ ಒಬ್ಬರು ಇದನ್ನು ತರುತ್ತಾರೆ, ಆಮೇಲೆ ಆ ಡಿಸ್ಕ್ ನಮ್ಮ ಟೇಬಲ್ಲಿಗೆ ಬರುತ್ತದೆ. ತಣ್ಣಗಾದ ಡಿಸ್ಕ್ ಹೊರಗೆ ಬಂದ ಕೂಡಲೇ ಒಳಗಿನ ತಟ್ಟೆಯ ಮೇಲೆ ತೇವ ಕೂರುತ್ತದೆ. ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ಒಂದು ಧೂಳಿನ ಕಣ ಕೂಡ ಅದಕ್ಕಿಂತ ಎಷ್ಟೋ ದೊಡ್ಡದು. ಅಲ್ಲಿ ನೀರು ಕೂತರೆ ಏನಾಗುತ್ತದೆ ನೀವೇ ಯೋಚಿಸಿ. ಮನೆಯಲ್ಲಿ ಡಿಸ್ಕಿನ ಮುಚ್ಚಳ ತೆಗೆಯುವುದೂ ಇದೇ ಕಾರಣಕ್ಕೆ ಬೇಡ.

ಸಿಡಿಲಿನ ಕೇಸು ಅಂದಿರಲ್ಲ, ಅದಕ್ಕೆ ಇನ್ನೊಂದು ಮಾತು. ಡಿಸ್ಕ್ ಸ್ವಲ್ಪವೂ ತಿರುಗದೆ ಕಲ್ಲಿನ ಹಾಗೆ ಕೂತಿದ್ದರೆ ಗಾಬರಿ ಬೇಡ. ಡಿಸ್ಕಿನ ಹಸಿರು ಬೋರ್ಡಿನಲ್ಲಿ ಜಾಸ್ತಿ ವೋಲ್ಟೇಜ್ ಬಂದರೆ ತಾನು ಸತ್ತು ಉಳಿದದ್ದನ್ನು ಕಾಪಾಡುವ ಡಯೋಡ್ ಸಾಮಾನ್ಯವಾಗಿ ಇರುತ್ತದೆ. ಎಷ್ಟೋ ಸಲ ಹೋಗಿರುವುದು ಅದೊಂದೇ, ತಿಳಿದವರು ಅದನ್ನು ತೆಗೆದರೆ ಡಿಸ್ಕ್ ಎದ್ದು ಕೂರುತ್ತದೆ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಹಾಕುತ್ತೇನೆ ಎಂದು ಯಾರಾದರೂ ಹೇಳಿದರೆ, ಹಳೇ ಬೋರ್ಡಿನ ರೋಮ್ ಚಿಪ್ ಕೂಡ ಅದಕ್ಕೆ ಕೂರಿಸುತ್ತೀರಾ ಎಂದು ಕೇಳಿ. ಆ ಡಿಸ್ಕಿಗೇ ಬೇಕಾದ ಲೆಕ್ಕಾಚಾರ ಅದರಲ್ಲಿ ಇರುತ್ತದೆ. ಈ ಪ್ರಶ್ನೆಗೆ ತಡವರಿಸಿದರೆ ಡಿಸ್ಕ್ ವಾಪಸ್ ಇಸಕೊಂಡು ಬನ್ನಿ.

ಅರಸೀಕೆರೆ_ಹುಡುಗಿ:
ಕೇಬಲ್ ಬಂತು. ಡಿಸ್ಕ್ ತಿರುಗುತ್ತಿದೆ, ಟಕ್ ಟಕ್ ಇಲ್ಲ! ಆದರೆ ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಎರಡು ನಿಮಿಷ ಹಾಗೇ ನಿಂತುಕೊಂಡು, ಆಮೇಲೆ ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಎಂದು ಕೇಳುತ್ತಿದೆ. ಇನ್ನೂ ಏನೂ ಒತ್ತಿಲ್ಲ. ತಮ್ಮ ಚೆಕ್‌ಡಿಸ್ಕ್ ಓಡಿಸೋಣ ಅನ್ನುತ್ತಿದ್ದಾನೆ.

ಲಿನಕ್ಸ್_ಅಣ್ಣ:
ಕ್ಯಾನ್ಸಲ್ ಒತ್ತಿ, ತಮ್ಮನನ್ನು ಟೀ ಕುಡಿಯಲು ಕಳಿಸಿ. ಚೆಕ್‌ಡಿಸ್ಕ್ ರಿಪೇರಿ ಮಾಡುವುದು ಅದೇ ಡಿಸ್ಕಿನ ಮೇಲೆ ಬರೆದು. ಓದಲಿಕ್ಕೇ ಏದುಸಿರು ಬಿಡುತ್ತಿರುವ ಡಿಸ್ಕಿಗೆ ಬರೆಯುವ ಕೆಲಸ ಕೊಡಬಾರದು. ಫೈಲ್ ಪಟ್ಟಿ ಇರುವ ಜಾಗದಲ್ಲೋ ಅದರ ಆಸುಪಾಸಿನಲ್ಲೋ ಕೆಟ್ಟ ಸೆಕ್ಟರ್ (ಓದಲಾಗದ ತುಣುಕು) ಇರಬಹುದು, ಅದಕ್ಕೇ ವಿಂಡೋಸಿಗೆ ಅರ್ಥವಾಗುತ್ತಿಲ್ಲ. ಹಾಡುಗಳು ಬೇರೆ ಕಡೆ ಸುಖವಾಗಿ ಇರಬಹುದು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಖಾಲಿ ಇರುವ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಒಂದು ತನ್ನಿ. ಪೆನ್‌ಡ್ರೈವಿನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಬೂಟ್ ಮಾಡಿ, ಅದರಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಹಾಕಿಕೊಳ್ಳಿ. ಅದು ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲ್ ಆಗಿ ಇಳಿಸುತ್ತದೆ. ಅದರ ಜಾಣತನ ಏನೆಂದರೆ ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನೆಲ್ಲ ಎತ್ತಿಕೊಂಡು ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ, ಬಿಟ್ಟದ್ದಕ್ಕೆ ಕೊನೆಯಲ್ಲಿ ವಾಪಸ್ ಬರುತ್ತದೆ. ಮ್ಯಾಪ್ ಫೈಲ್ ಕೊಡುವುದನ್ನು ಮಾತ್ರ ಮರೆಯಬೇಡಿ, ಎಲ್ಲಿವರೆಗೆ ಆಯಿತು ಎಂದು ಅದರಲ್ಲಿ ಬರೆದುಕೊಳ್ಳುತ್ತದೆ, ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಇಮೇಜ್, ಮ್ಯಾಪ್ ಎರಡೂ ಹೊಸ ಡಿಸ್ಕಿನಲ್ಲೇ ಇರಲಿ, ಲೈವ್ ಪೆನ್‌ಡ್ರೈವಿನಲ್ಲಿ ಬೇಡ.

ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲುಬದಲಾದರೆ ಕಥೆ ಮುಗಿಯಿತು, ಹಳೇ ಡಿಸ್ಕ್ ಅಳಿಸಿಹೋಗುತ್ತದೆ. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟು ಸೈಜ್ ನೋಡಿ: ನಿಮ್ಮ 500 ಜಿಬಿ ಅಲ್ಲಿ 465.8 ಎಂದು ಕಾಣುತ್ತದೆ, ಹೊಸ 1 ಟಿಬಿ 931.5 ಎಂದು. ಎರಡು ಸಲ ನೋಡಿ, ಆಮೇಲೆ ಎಂಟರ್ ಒತ್ತಿ. ಮುಗಿದ ಮೇಲೆ ಹಳೇ ಡಿಸ್ಕ್ ಕಿತ್ತು ಬೀರುವಿನಲ್ಲಿ ಇಡಿ, ಇನ್ನು ಏನೇ ಆಟ ಆಡುವುದಿದ್ದರೂ ಇಮೇಜಿನ ಮೇಲೆ. ಅದನ್ನು ರೀಡ್ ಓನ್ಲಿಯಾಗಿ ಮೌಂಟ್ ಮಾಡಿ, ಅಂದರೆ ಓದಲು ಮಾತ್ರ ಆಗುವ ಹಾಗೆ ತೆರೆಯಿರಿ. ಆಗಲಿಲ್ಲ ಅಂದರೆ ಟೆಸ್ಟ್‌ಡಿಸ್ಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ನೋಡಿ. ಫೋಟೋರೆಕ್ ಕೊನೇ ಉಪಾಯ, ಅದು ಫೈಲುಗಳನ್ನು ಹುಡುಕಿ ಕೊಡುತ್ತದೆ ಆದರೆ ಹೆಸರೂ ಫೋಲ್ಡರೂ ಹೋಗಿರುತ್ತವೆ. ಸಾವಿರಾರು ಫೈಲಲ್ಲಿ ಯಾವ ಊರಿನ ಹಾಡು ಯಾವುದು ಅಂತ ಅಪ್ಪನೇ ಕೂತು ನೋಡಬೇಕಾಗುತ್ತದೆ.

ಮೈಸೂರ್_ಮಸಾಲೆ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹೊಸ ತೆಳ್ಳಗಿನ ಲ್ಯಾಪ್‌ಟಾಪ್, ವಿಂಡೋಸ್ 11. ಅದು ಕೆಟ್ಟರೂ ಹೀಗೇ ಕೇಬಲ್ ಹಾಕಿ ತೆಗೆಯಬಹುದಾ?

ಡೇಟಾ_ಗುಜರಿ:
ಅಷ್ಟು ಸುಲಭ ಇಲ್ಲ. ಎಂ.2 ಎಸ್‌ಎಸ್‌ಡಿ (ತಟ್ಟೆಯಿಲ್ಲದ, ಚಿಪ್ಪುಗಳ ಸಣ್ಣ ಪಟ್ಟಿಯಂಥ ಡಿಸ್ಕ್) ಇದ್ದರೆ ಅದನ್ನು ಯುಎಸ್‌ಬಿಗೆ ಜೋಡಿಸುವ ಬೇರೆ ಕೇಸ್ ಬೇಕು, ಅದೂ ಎನ್‌ವಿಎಂಇಯೋ ಸಾಟಾವೋ ಯಾವ ಬಗೆಯದು ಅಂತ ನೋಡಿಕೊಂಡು. ಕೆಲವದರಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬಿಚ್ಚಲು ಏನೂ ಇಲ್ಲ. ಅದಕ್ಕಿಂತ ಮುಖ್ಯ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿದ್ದರೆ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದಕ್ಕೆ ಹಾಕುವ ಗುಪ್ತ ಬೀಗ) ಆನ್ ಆಗಿರಬಹುದು. ಆಗ ಡಿಸ್ಕ್ ಕೈಲಿದ್ದರೂ 48 ಅಂಕಿಯ ರಿಕವರಿ ಕೀ ಇಲ್ಲದೆ ಒಳಗೆ ಹೋಗಲು ಆಗುವುದಿಲ್ಲ. ಕೀ ನಿಮ್ಮ ಅಕೌಂಟಲ್ಲಿ ಇದೆಯಾ ಅಂತ ಇವತ್ತೇ ನೋಡಿ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಡಿಲೀಟ್ ಆದ ಫೈಲ್ ಎಸ್‌ಎಸ್‌ಡಿಯಿಂದ ವಾಪಸ್ ಬರುವುದಂತೂ ಕಷ್ಟ, ಟ್ರಿಮ್ ಅನ್ನುವುದು ಆ ಜಾಗವನ್ನು ಗುಡಿಸಿಬಿಡುತ್ತದೆ.

ಅರಸೀಕೆರೆ_ಹುಡುಗಿ:
ಲಿನಕ್ಸ್ ಅಣ್ಣ, ಇಮೇಜ್ ಆಯಿತು! ಇಡೀ ರಾತ್ರಿ ಓಡಿತು, ಕೊನೆಯಲ್ಲಿ ಸ್ವಲ್ಪವೇ ಸ್ವಲ್ಪ ಓದಲಾಗದೆ ಉಳಿಯಿತು. ಮೌಂಟ್ ಆಯಿತು, ಫೋಲ್ಡರುಗಳು ಹೆಸರಿನ ಸಮೇತ ಇವೆ, ಮದುವೆ ಫೋಟೋಗಳು ತೆರೆಯುತ್ತಿವೆ. ಆದರೆ ಸೋಬಾನೆ ಫೈಲುಗಳು ಹಾಳಾಗಿವೆ ಅನ್ನಿಸುತ್ತದೆ. ವರ್ಡ್‌ನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ, ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕೆ ಕೊಂಬು ಇರುವ ಅಕ್ಷರ, ಏನೇನೋ ಚಿಹ್ನೆ. ಅಪ್ಪ ನೋಡಿ ಸುಮ್ಮನೆ ಎದ್ದು ಹೋದರು.

ಡಿಟಿಪಿ_ಶಾಂತಮ್ಮ:
ಅಪ್ಪನನ್ನು ವಾಪಸ್ ಕರೆಯಿರಿ, ಫೈಲು ಹಾಳಾಗಿಲ್ಲ! ಸಾಲುಗಳು ಹಾಡಿನ ಹಾಗೆಯೇ ತುಂಡು ತುಂಡಾಗಿ ನಿಂತಿವೆಯಾ? ಪಲ್ಲವಿ ಬರುವ ಕಡೆ ಅದೇ ಚಿಹ್ನೆಗಳ ಸಾಲು ಮತ್ತೆ ಮತ್ತೆ ಬರುತ್ತಿದೆಯಾ? ಹಾಗಿದ್ದರೆ ಅದು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು. ಆಗಿನ ನುಡಿ, ಬರಹ ಎಲ್ಲ ಯೂನಿಕೋಡ್ (ಈಗ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ನಡೆಯುವ ಅಕ್ಷರ ಪದ್ಧತಿ) ಅಲ್ಲದ ಫಾಂಟಲ್ಲಿ ಉಳಿಸುತ್ತಿದ್ದವು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಇಂಗ್ಲಿಷ್ ಅಕ್ಷರವೇ, ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ. ನಿಮ್ಮ ಹೊಸ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ವರ್ಡ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಫಾಂಟ್ ಹೆಸರು ನೋಡಿ, ನುಡಿ 01 ಇ ಅಂತಲೋ ಬಿಆರ್‌ಎಚ್ ಕನ್ನಡ ಅಂತಲೋ ಇರುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿಕೊಂಡರೆ ಫಾಂಟುಗಳೂ ಬರುತ್ತವೆ.

ಅರಸೀಕೆರೆ_ಹುಡುಗಿ:
ಬಂತು!!! ನುಡಿ 01 ಇ. ಅಪ್ಪ ಈಗ ಪಕ್ಕದಲ್ಲೇ ಕೂತು ಒಂದೊಂದೇ ಫೈಲ್ ತೆಗೆಸುತ್ತಿದ್ದಾರೆ. ಇದನ್ನು ಫೋನಲ್ಲೂ ಓದುವ ಹಾಗೆ ಮಾಡಬಹುದಾ?

ಡಿಟಿಪಿ_ಶಾಂತಮ್ಮ:
ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರುಗಳಿವೆ, ಅದಕ್ಕೆ ಹಾಕಿ. ಮೂಲ ಫೈಲು ಮಾತ್ರ ಅಳಿಸಬೇಡಿ. ಎರಡು ಕಡೆ ಕಣ್ಣಿಡಿ. ಹಾಡಿನ ನಡುವೆ ಅಪ್ಪ ಇಂಗ್ಲಿಷಲ್ಲಿ ಏನಾದರೂ ಬರೆದಿದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಇನ್ನೊಂದು ಅರ್ಕಾವತ್ತು: ಹಳೇ ಫಾಂಟಲ್ಲಿ ಅದು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಲ್ಲಿ ಮೊದಲು ಬರಬೇಕು, ಕೆಲವು ಕನ್ವರ್ಟರ್ ಇಲ್ಲಿ ಎಡವುತ್ತವೆ. ಸೂರ್ಯ, ಪಾರ್ವತಿ ಇರುವ ಹಾಡು ಒಂದನ್ನು ಮೊದಲು ಹಾಕಿ ನೋಡಿ, ಅದು ಸರಿ ಬಂದರೆ ಉಳಿದದ್ದನ್ನೆಲ್ಲ ಹಾಕಿ.