ಪುಣೆಯಿಂದ ಹುಬ್ಬಳ್ಳಿಗೆ ಶಿಫ್ಟ್ ಆಗಾಕತ್ತೀನಿ, ಎಂಎಚ್ 12 ಸ್ಪೋರ್ಟ್ಸ್ ಕಾರ್ ತರ್ಲೋ ಮಾರ್ಲೋ?

ಝಡ್4_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಾ ಮೂಲ ಧಾರವಾಡದಾಂವ, ಓದು ಮುಗಿಸಿ ಪುಣೆಕ್ಕ ಹೋದಾಂವ ಅಲ್ಲೇ ಉಳಕೊಂಡೆ. ಈಗ ಕಂಪನ್ಯಾಗ ಮನ್ಯಾಗ ಕುಂತ ಕೆಲಸ ಮಾಡಾಕ ಒಪ್ಪ್ಯಾರ, ಅಪ್ಪ ಅವ್ವಗೂ ವಯಸ್ಸಾತು, ಹಿಂಗಾಗಿ ದೀಪಾವಳಿ ಆದಮ್ಯಾಲೆ ಸಂಸಾರ ಕಟ್ಕೊಂಡು ಹುಬ್ಬಳ್ಳಿಗೆ ಬರಾಕತ್ತೀನಿ, ವಿದ್ಯಾನಗರದ ಕಡೆ ಮನಿ ಹುಡುಕೋದ ನಡದೈತಿ. ಮನಿ ಸಾಮಾನಿಂದ ಚಿಂತಿಲ್ಲ, ಚಿಂತಿ ಎಲ್ಲಾ ಗಾಡಿದು.

ಗಾಡಿ 2014ರ ಬಿಎಂಡಬ್ಲ್ಯು ಝಡ್4 35ಐ, ಸೆಕೆಂಡ್ ಹ್ಯಾಂಡ್ ತಗೊಂಡದ್ದು, ನನ್ನ ಹೆಸರಿಗೇ ಐತಿ, ಎಂಎಚ್ 12 ಪಾಸಿಂಗ್, ಅಂದ್ರ ಪುಣೆ ನಂಬರ್. ಎರಡ ಸೀಟು, ಮೂರ ಲೀಟರಿನ ಆರು ಸಿಲಿಂಡರ್ ಟ್ವಿನ್ ಟರ್ಬೊ, 306 ಹಾರ್ಸ್ ಪವರ್, ಬಟನ್ ಒತ್ತಿದ್ರ ಮ್ಯಾಲಿನ ತಗಡು ಮಡಚ್ಕೊಂಡು ಡಿಕ್ಕ್ಯಾಗ ಹೋಗಿ ಕುಂದರ್ತೈತಿ. ನಮ್ಮ ಅಪ್ಪಂದು ಒಂದ ಪ್ರಶ್ನಿ, "ನಾಕ ಮಂದಿ ಕುಂದ್ರಲಾರದ ಗಾಡಿಗೆ ಇಷ್ಟ ರೊಕ್ಕ ಯಾಕ ಸುರದಿ" ಅಂತ. ಅದಕ್ಕ ಉತ್ರ ನನ್ನ ಹತ್ರ ಇಲ್ಲ ಬಿಡ್ರಿ.

ಈಗ ವಿಷಯಕ್ಕ ಬರ್ತೀನಿ. ನಾ ಗಾಡಿಗೆ ಕೊಟ್ಟದ್ದು ಇಪ್ಪತ್ತ ಲಕ್ಷದ ಮ್ಯಾಲೆ ಸ್ವಲ್ಪ, ಆದ್ರ ಹೊಸದಿದ್ದಾಗ ಇನ್‌ವಾಯ್ಸ್ ಎಪ್ಪತ್ತ ಲಕ್ಷದ ಹತ್ರ. ಕರ್ನಾಟಕದಾಗ ಟ್ಯಾಕ್ಸ್ ಯಾವದರ ಮ್ಯಾಲೆ ಹಾಕ್ತಾರ? ಒಬ್ರು ಮೂವತ್ತ ದಿನದಾಗ ಕಟ್ಬೇಕಂತಾರ, ಇನ್ನೊಬ್ರು ಒಂದ ವರ್ಷ ನಡೀತೈತಿ ಅಂತಾರ, ಖರೆ ಯಾವದು? ಮತ್ತ ನಂಬರ್ ಬದಲಾದ್ರ ಕೆಎ 25 ಸಿಗ್ತೈತೇನ್ರಿ, ಸಣ್ಣಾಂವ ಇದ್ದಾಗಿಂದ ನೋಡಿದ ನಂಬರ್ ಅದು. ಇಷ್ಟ ತಳಕ್ಕ ಕುಂತ ಗಾಡಿ ಅಲ್ಲಿ ರೋಡಿಗೆ ನಡೀತೈತೋ ಇಲ್ಲೋ ಅದನ್ನೂ ಹೇಳ್ರಿ, ನಾ ಬಂದಾಗೆಲ್ಲಾ ಬಸ್ಸು ಇಲ್ಲಾ ರೈಲಿಗೆ ಬಂದಾಂವ.

ಕಾಗದಪತ್ರ_ಕಾಕಾ

ಬಾ ತಮ್ಮಾ ಬಾ, ಊರಿಗೆ ವಾಪಸ್ ಬರಾವ್ರಿಗೆ ಬ್ಯಾಡ ಅನ್ನೂ ಪೈಕಿ ನಾವಲ್ಲ. ಆದ್ರ ಮೊದ್ಲ ಲೆಕ್ಕ ಕೇಳ್ಕೊ.

ಟ್ಯಾಕ್ಸ್ ಹಾಕೂದು ನೀ ಕೊಟ್ಟ ರೇಟಿನ ಮ್ಯಾಲೆ ಅಲ್ಲ, ಹೊಸಾ ಗಾಡಿ ಇದ್ದಾಗಿನ ಬೆಲಿ ಮ್ಯಾಲೆ. ಇಪ್ಪತ್ತ ಲಕ್ಷ ದಾಟಿದ ಕಾರಿಗೆ ಇಲ್ಲೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಆ ಟ್ಯಾಕ್ಸಿನ ಮ್ಯಾಲೆ ಮತ್ತ 11 ಪರ್ಸೆಂಟ್ ಸೆಸ್. ಎಪ್ಪತ್ತ ಲಕ್ಷಕ್ಕ 12.6 ಲಕ್ಷ ಆತು, ಸೆಸ್ ಕೂಡಿಸಿದ್ರ ಹದಿನಾಲ್ಕ ಲಕ್ಷದ ಸನೇಕ. ಹೌಹಾರಬ್ಯಾಡ, ಇದು ಹೊಸಾ ಗಾಡಿದು. ಹೊರಗಿನ ರಾಜ್ಯದಿಂದ ಬಂದ ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಇಳಿಸ್ಕೋತ ಹೋಗೂ ಪಟ್ಟಿ ಅದ, ನಿನ್ನ ಗಾಡಿಗೆ ಹತ್ತ ವರ್ಷ ಎಂದೋ ದಾಟ್ಯಾವ, ಹಂಗಾಗಿ ಛಲೋ ಇಳೀತದ. ಆದ್ರೂ ಲಕ್ಷದ ಲೆಕ್ಕದಾಗ ಮಾತಾಡೂ ರೊಕ್ಕನ ಅದು, ಸಾವಿರದ ಲೆಕ್ಕದಾಗ ಅಲ್ಲ. ಆರ್‌ಸಿ ಝೆರಾಕ್ಸ್, ಮೊದಲ ಇನ್‌ವಾಯ್ಸ್ ಝೆರಾಕ್ಸ್ ತಗೊಂಡು ಇಲ್ಲಿ ಆರ್‌ಟಿಒದಾಗ ಒಮ್ಮೆ ಲೆಕ್ಕ ಹಾಕಿಸ್ಕೊ, ಗಾಡಿ ತರೂ ಮೊದ್ಲ. ಏಜೆಂಟ್ ಬಾಯಿಮಾತಿಲೆ ಹೇಳಿದ್ದ ನಂಬಬ್ಯಾಡ, ಒಬ್ಬೊಬ್ರು ಒಂದೊಂದ ಹೇಳ್ತಾರ.

ಇನ್ನ ದಿನದ ವಿಚಾರ. ಕೇಂದ್ರದ ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 47 ಪ್ರಕಾರ ಬ್ಯಾರೆ ರಾಜ್ಯದ ಗಾಡಿ ಹನ್ನೆರಡ ತಿಂಗಳಿಗಿಂತ ಹೆಚ್ಚು ಇಲ್ಲೆ ಇಟ್ರ ಹೊಸಾ ನಂಬರ್ ತಗೋಬೇಕು. ಮೂವತ್ತ ದಿನ ಅನ್ನೂದು 2014ರಾಗ ನಮ್ಮ ರಾಜ್ಯದವ್ರು ಟ್ಯಾಕ್ಸ್ ಕಾಯ್ದೆಗೆ ಮಾಡಿದ ತಿದ್ದುಪಡಿದು, ಅದರ ಮ್ಯಾಲೆ ಹೈಕೋರ್ಟಿನ್ಯಾಗ ಭಾಳ ಜಗ್ಗಾಟ ಆತು, ಮಂದಿ ಬಾಯಾಗ ಇನ್ನೂ ಎರಡೂ ಓಡ್ಯಾಡತಾವ. ರಸ್ತೆದಾಗ ನಿಲ್ಲಿಸಿ ಕೇಳೂ ಇನ್ಸ್‌ಪೆಕ್ಟರ್‌ಗೆ ಕೋರ್ಟಿನ ಕಥಿ ಹೇಳ್ಕೋತ ನಿಂದ್ರೂದಕ್ಕಿಂತ ನೀ ಎಂದ ಬಂದಿ ಅನ್ನೂದಕ್ಕ ಕಾಗದ ಇಟ್ಕೊ. ಗಡಿ ಹತ್ರದ ಕೊಗನೊಳ್ಳಿ ಟೋಲಿನ ಫಾಸ್ಟ್ಯಾಗ್ ಮೆಸೇಜು, ಮನಿ ಬಾಡಗಿ ಕರಾರಪತ್ರ, ಸಾಮಾನ ತಂದ ಲಾರಿ ಬಿಲ್ಲು. ಇವು ಮೂರೂ ಒಂದ ಫೈಲಿನ್ಯಾಗ ಹಾಕಿ ಗಾಡ್ಯಾಗ ಇಡು.

ಪುಣೆ ಬಿಡೂ ಮುಂದ ಅಲ್ಲಿ ಆರ್‌ಟಿಒದಾಗ ಫಾರ್ಮ್ 28 ಕೊಟ್ಟು ಎನ್‌ಒಸಿ, ಅಂದ್ರ ಗಾಡಿ ಒಯ್ಯಾಕ ತಕರಾರಿಲ್ಲ ಅನ್ನೂ ಪತ್ರ, ತಗೋಬೇಕು, ಇಲ್ಲೆ ಬಂದು ಹೊಸಾ ನಂಬರಿಗೆ ಫಾರ್ಮ್ 27. ಸಾಲ ಇದ್ರ ಬ್ಯಾಂಕಿನ ಒಪ್ಪಿಗಿ ಪತ್ರನೂ ಬೇಕು. ಇ-ಚಲನ್ ಒಂದೂ ಬಾಕಿ ಇಡಬ್ಯಾಡ, ಇನ್ನೂರ ರೂಪಾಯಿ ದಂಡಕ್ಕ ಫೈಲ್ ನಿಂತ ಬಿಡ್ತದ. ಚಾಸಿ ನಂಬರ್ ಮ್ಯಾಲೆ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀಬೇಕಾಗ್ತದ, ನಾಕೈದ ಕಾಪಿ ತಗದಿಟ್ಕೊ, ಮತ್ತ ಮತ್ತ ಬಾನೆಟ್ ಎತ್ತೂದು ತಪ್ತದ. ಇಲ್ಲೆ ಟ್ಯಾಕ್ಸ್ ಕಟ್ಟಿ ಹೊಸಾ ಆರ್‌ಸಿ ಬಂದ ಮ್ಯಾಲೆ ಆ ಕಾಗದ ತೋರಿಸಿ ಮಹಾರಾಷ್ಟ್ರದಾಗ ಉಳದ ವರ್ಷದ ಟ್ಯಾಕ್ಸ್ ವಾಪಸ್ ಕೇಳಬಹುದು. ಹಳೇ ಗಾಡಿಗೆ ಹೆಚ್ಚಿಗಿ ಏನ್ ಬರೂದಿಲ್ಲ, ಅದರ ಸಲುವಾಗಿ ಪುಣೆಕ್ಕ ಓಡ್ಯಾಡಿದ ಖರ್ಚು ನೋಡ್ಕೊಂಡು ಮಾಡು.

ವಿದ್ಯಾನಗರದ ವಿಳಾಸ ಅಂದ್ರ ಕೆಎ 63. 25 ಬೇಕಂದ್ರ ಧಾರವಾಡದಾಗ ಮನಿ ಮಾಡು.

ಒಂದ ಸಿಹಿ ಸುದ್ದಿ ಅದ. ಇನ್ಸೂರನ್ಸಿನವರ ಲೆಕ್ಕದಾಗ ಪುಣೆ ಎ ಝೋನು, ಹುಬ್ಬಳ್ಳಿ ಬಿ ಝೋನು. ನಂಬರ್ ಬದಲಾದ ಮ್ಯಾಲೆ ಪಾಲಿಸ್ಯಾಗ ತಿದ್ದಿಸಿದ್ರ ಸ್ವಂತ ಡ್ಯಾಮೇಜಿನ ಪ್ರೀಮಿಯಂ ಸ್ವಲ್ಪ ಇಳೀತದ. ತಿದ್ದಿಸದ ಬಿಟ್ರ ಮಾತ್ರ ಕ್ಲೇಮ್ ಹೊತ್ತಿಗೆ ತ್ರಾಸು.

ಸೀದಾಮಾತು

ಮಾರಿ ಬಾ ದೋಸ್ತ. ಅಲ್ಲೇ ಪುಣೆದಾಗ ಗಿರಾಕಿ ಸಿಗ್ತಾರ, ಎಂಎಚ್ 12 ಗಾಡಿಗೆ ಎಂಎಚ್‌ನ್ಯಾಗ ರೇಟು. ಬೆಂಗಳೂರಾಗ ಕೆಎ ಪಾಸಿಂಗ್ ಇರೋ ಅಂಥದ್ದ ಗಾಡಿ ಹುಡುಕು, ಮೊದಲನೇ ಮಾಲಕ ಟ್ಯಾಕ್ಸ್ ಪೂರಾ ಕಟ್ಟಿ ಕೂತಿರ್ತಾನ, ನಿಂಗ ಬರೇ ಹೆಸರು ಬದಲಿ ಖರ್ಚು. ಪ್ರೀತಿ ಗೀತಿ ಅಂತ ಹೇಳಬ್ಯಾಡ, ಕಬ್ಬಿಣಕ್ಕ ಏನ ಪ್ರೀತಿ.

ಚಿಗರಿಹಿಂದ

ಕಾಕಾ ಕಾಗದದ್ದ ಹೇಳ್ಯಾರ, ನಾ ರೋಡಿಂದ ಹೇಳ್ತೀನಿ, ಯಾಕಂದ್ರ ದಿನಾ ಹುಬ್ಬಳ್ಳಿ ಧಾರವಾಡ ಓಡ್ಯಾಡಾಂವ ನಾನು.

ನಡುವಿನ ಎರಡ ಲೇನ್ ಚಿಗರಿ ಬಸ್ಸಿಗೆ, ಅಂದ್ರ ಹುಬ್ಬಳ್ಳಿ ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್ಸಿಗೆ, ಬಿಟ್ಟದ್ದು, ಅದರಾಗ ಖಾಲಿ ಐತಿ ಅಂತ ನುಗ್ಗಿಸಬ್ಯಾಡ್ರಿ. ನಮಗ ಉಳದದ್ದು ಬಾಜೂಕಿನ ಲೇನು, ಅದರಾಗ ಆಟೋ ಟಂಟಂ ಸ್ಕೂಲ್ ವ್ಯಾನು ಎಲ್ಲಾ ಕೂಡಿ ಸಿಗ್ನಲಿಂದ ಸಿಗ್ನಲಿಗೆ ಹೋಗಬೇಕು. 306 ಹಾರ್ಸ್ ಪವರ್ ಅಲ್ಲಿ ನಾಯಿ ಮೊಲಿ ಹಾಲು ಇದ್ದಂಗ, ಇದ್ರೂ ಯಾರಿಗೂ ಉಪಯೋಗಿಲ್ಲ. ಚೆನ್ನಮ್ಮ ಸರ್ಕಲ್ ಸುತ್ತಮುತ್ತ ಫ್ಲೈಓವರ್ ಕೆಲಸದ ಧೂಳು ಬ್ಯಾರೆ, ಟಾಪ್ ತಗದು ಹೋದ್ರ ಕೊಪ್ಪಿಕರ್ ರೋಡ್ ಮುಟ್ಟೋದ್ರೊಳಗ ಗುರ್ತ ಸಿಗಂಗಿಲ್ಲ ನೀವು.

ಬೈಪಾಸ್ ನೋಡಿ ಅಲ್ಲರ ಒತ್ತೋಣ ಅಂತ ಅನಸ್ತೈತಿ, ಬ್ಯಾಡ. ಗಬ್ಬೂರಿಂದ ನರೇಂದ್ರ ತನಕ ಅದು ವರ್ಷಾನುಗಟ್ಲೆ ಎರಡ ಲೇನಿಂದಾಗೇ ಉಳದಿತ್ತು, ಮುಂದಕ್ಕೂ ಹಿಂದಕ್ಕೂ ಹೈವೇ ಅಗಲ ಆದ್ರೂ ನಡುವ ಇದೊಂದ ಕುತ್ತಿಗಿ ಹಿಚಕಿದಂಗ. 2021ರ ಜನವರ್ಯಾಗ ಇಟಿಗಟ್ಟಿ ಹತ್ರ ದಾವಣಗೆರಿ ಹೆಣ್ಣಮಕ್ಕಳಿದ್ದ ಟೆಂಪೋಕ್ಕ ಟಿಪ್ಪರ್ ಬಡದದ್ದು ಇಲ್ಲಿ ಯಾರೂ ಮರತಿಲ್ಲ. ಆಮ್ಯಾಲೆ ಆರ್ ಲೇನ್ ಕೆಲಸಾ ಹತ್ತೈತಿ. ಅಲ್ಲಿ ಯಾವಾಗ್ಲೂ ಕಣ್ಣ ಬಿಟ್ಕೊಂಡ ಹೋಗ್ರಿ ಅಷ್ಟ.

ಖರೇ ವೈರಿ ಹಂಪ್. ಹಳ್ಳಿ ಮಂದಿ ತಾವ ಹಾಕ್ಕೊಂಡ ಹಂಪಿಗೆ ಬಣ್ಣಾನೂ ಇರಂಗಿಲ್ಲ ಬೋರ್ಡೂ ಇರಂಗಿಲ್ಲ. ನಿಮ್ಮ ಗಾಡಿದು ಮೂತಿ ಉದ್ದ, ಡ್ರೈವರ್ ಕುಂದ್ರೂದು ಹಿಂದಿನ ಗಾಲಿ ಹತ್ರ, ಹಿಂಗಾಗಿ ಮುಂದಿನದು ಎಷ್ಟ ತಳದಾಗೈತಿ ಅನ್ನೋ ಅಂದಾಜು ಸಿಗಂಗಿಲ್ಲ. ಹಂಪಿನ ಮ್ಯಾಲೆ ಬ್ರೇಕ್ ಹಿಡಕೊಂಡ ಹೋದ್ರ ಮೂತಿ ಮತ್ತಿಷ್ಟ ಬಾಗಿ ಬಂಪರ್ ಉಜ್ಜತೈತಿ. ಮೊದ್ಲ ಪೂರಾ ನಿಧಾನ ಮಾಡಿ, ಬ್ರೇಕ್ ಬಿಟ್ಟು, ಎದರಿಗೆ ಗಾಡಿ ಇಲ್ಲ ಅಂದ್ರ ಸ್ವಲ್ಪ ಅಡ್ಡಾಗಿ ಒಂದೊಂದ ಗಾಲಿ ಹತ್ತಿಸಿ ಇಳಸ್ರಿ. ಹಿಂದಿನವ ಹಾರ್ನ್ ಹೊಡೀತಾನ, ಹೊಡೀಲಿ.

ಮತ್ತ ಮನಿ ನೋಡಾಕ ಹೋದಾಗ ರೂಮು ಅಡಗಿಮನಿ ಎಲ್ಲಾ ಮನಿಯವ್ರು ನೋಡ್ಲಿ, ನೀವು ಗೇಟ್ ನೋಡ್ರಿ. ಗಟಾರದ ಮ್ಯಾಲಿನ ಕಲ್ಲು, ಅದರಾಚೆ ಗೇಟಿನ ಏರು, ಭಾಳ ಮನಿಗೆ ಸ್ಕೂಟರ್ ಹತ್ತೂ ಲೆಕ್ಕದಾಗ ಕಟ್ಟಿರ್ತಾರ. ಬಾಡಗಿ ಅಡ್ವಾನ್ಸ್ ಕೊಡೂ ಮೊದ್ಲ ಟೇಪ್ ಹಿಡದು ಅಳಿರಿ.

ಝಡ್4_ಹುಡುಗ

ಕಾಕಾ, ಭಾಳ ಉಪಕಾರ ಆತು. ಗೇಟಿನ ವಿಚಾರ ತಲ್ಯಾಗ ಬಂದೇ ಇರ್ಲಿಲ್ರಿ, ನೋಡಿದ ಮನಿಯೊಳಗ ಒಂದಕ್ಕ ಅಂಥದ್ದ ಏರು ಐತಿ, ಅದು ಕ್ಯಾನ್ಸಲ್.

ಸೀದಾಮಾತು ಅವ್ರೆ, ನೀವ ಹೇಳೂದು ಲೆಕ್ಕಕ್ಕ ಬರೋಬ್ಬರಿ ಐತಿ. ಆದ್ರ ಈ ಗಾಡಿದು ಮೊದಲಿಂದ ಎಲ್ಲಾ ಸರ್ವಿಸ್ ಬಿಲ್ಲು ನನ್ನ ಹತ್ರ ಅದಾವು, ಯಾವ ಸಪ್ಪಳ ಎಲ್ಲಿಂದ ಬರ್ತೈತಿ ಅಂತ ಗೊತ್ತೈತಿ. ಹತ್ತ ವರ್ಷ ದಾಟಿದ ಟರ್ಬೊ ಗಾಡಿ ಇನ್ನೊಬ್ಬರ ಕಡೆಯಿಂದ ತಗೊಂಡು ಮೊದಲನೇ ತಿಂಗಳ ಫ್ಯೂಯೆಲ್ ಪಂಪ್ ಇಂಜೆಕ್ಟರ್ ಅಂತ ಬಿಚ್ಚಿದ್ರ ಉಳಿಸಿದ ಟ್ಯಾಕ್ಸ್ ಅಲ್ಲೇ ಹೋತು. 2029ಕ್ಕ ಹದಿನೈದ ವರ್ಷ ತುಂಬ್ತಾವು, ಅಲ್ಲಿ ತನಕ ಇಟ್ಕೊಳ್ಳೂದ ಅಂತ ಮನಸು.

ಊರಾಗ ಓಡ್ಸಾಕ ಮನ್ಯಾಗ ಇನ್ನೊಂದ ಸಣ್ಣ ಗಾಡಿ ಐತ್ರಿ, ಇದು ವಾರದ ಕೊನಿಗೆ ಅಷ್ಟ. ಹಂಗಿದ್ರ ಎಲ್ಲಿ ಹೋಗಬೇಕು?

ಗದಗ_ಗಾಳಿ

ಈಗ ಬಂದ್ರಿ ನೋಡ್ರಿ ದಾರಿಗೆ 😄

ಹುಬ್ಬಳ್ಳಿ ಗದಗ ಕೊಪ್ಪಳ ಹೊಸಪೇಟಿ ಹೈವೇ, ಎನ್‌ಎಚ್ 67, ಅಗಲ ಐತಿ, ಸೀದಾ ಐತಿ, ಟಾಪ್ ತಗದು ಲಕ್ಕುಂಡಿ ತನಕ ಹೋಗಿ ಗುಡಿ ನೋಡಿ ವಾಪಸ್ ಬರಾಕ ಛಲೋ. ಆದ್ರ ಸ್ಟೇರಿಂಗ್ ತಿರುವಾಕ ಕೆಲಸಿಲ್ಲ ಅಲ್ಲಿ. ತಿರುವ ಬೇಕಂದ್ರ ಪಶ್ಚಿಮಕ್ಕ ಹೋಗ್ರಿ. ಧಾರವಾಡದಿಂದ ಹಳಿಯಾಳ ದಾಂಡೇಲಿ, ಇಲ್ಲಾ ಕಲಘಟಗಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳದು ಅಂಕೋಲಾ. ಘಾಟಿನ್ಯಾಗ ಲಾರಿ ಸಾಲು ಭಾಳ, ಅದಕ್ಕ ನಸುಕಿನ್ಯಾಗ ಹೊಂಡ್ರಿ, ಹೊತ್ತ ಏರಿದ ಮ್ಯಾಲೆ ಹೋದ್ರ ಬರೇ ಲಾರಿ ಹಿಂದಿನ ಅಕ್ಷರ ಓದ್ಕೋತ ಹೋಗೋದ. ಮಳಿಗಾಲದಾಗ ಘಾಟ್ ಕಡೆ ಗುಡ್ಡ ಕುಸದದ್ದ ಸುದ್ದಿ ನೋಡ್ಕೊಂಡ ಹೊಂಡ್ರಿ.

ನಮ್ಮ ಕಡೆ ರೋಣ ನವಲಗುಂದ ನರಗುಂದ ಎರಿ ಭೂಮಿ. ಎರಿ ಮಣ್ಣು ಮಳ್ಯಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರತೈತಿ, ಅದರ ಮ್ಯಾಲಿನ ಡಾಂಬರು ಎಷ್ಟ ಛಲೋ ಹಾಕಿದ್ರೂ ಸ್ವಲ್ಪ ದಿನಕ್ಕ ಏರು ತಗ್ಗು ಆಗೇ ಆಗತೈತಿ. ದೂರದಿಂದ ನುಣ್ಣಗ ಕಾಣ್ತೈತಿ, ಎಂಬತ್ತರಾಗ ಹೋದಾಗ ಗೊತ್ತಾಗತೈತಿ, ಗಾಡಿ ಬುಡಕ ಬಡೀತೈತಿ. ಮಳಿ ಬಂದು ಟ್ರ್ಯಾಕ್ಟರ್ ಗಾಲಿಗೆ ಹತ್ತಿದ ಆ ಮಣ್ಣು ರೋಡಿಗೆ ಬಿದ್ದಿದ್ರಂತೂ ನಿಮ್ಮ ಅಗಲ ಟೈಯರಿಗೆ ಹಿಡಿತಾನೇ ಸಿಗಂಗಿಲ್ಲ.

ಈಗ ಯಾರೂ ಹೇಳಲಾರದ್ದ ಒಂದ ಹೇಳ್ತೀನಿ, ಸುಗ್ಗಿ. ಹುರಳಿ ಕಿತ್ತ ಮ್ಯಾಲೆ ರೈತ್ರು ಬಳ್ಳಿ ತಂದು ರೋಡಿನ ಮ್ಯಾಲೆ ಹಾಸ್ತಾರ, ಗಾಡಿ ಹಾದು ಹಾದು ಕಾಳು ಉದರ್ಲಿ ಅಂತ. ಬಸ್ಸು ಲಾರಿ ಹೋಗತಾವು, ತಳದ ಗಾಡಿ ಹೋದ್ರ ಬಳ್ಳಿ ಬುಡಕ ಸೇರಿ ತಿರಗೂ ಶಾಫ್ಟಿಗೆ ಸುತ್ಕೋತೈತಿ, ಬಾಜೂಕ ಸೈಲೆನ್ಸರ್ ಪೈಪ್ ಕೆಂಡದಂಗ ಕಾದಿರ್ತೈತಿ. ಹಿಂಗ ಬೆಂಕಿ ಹತ್ತಿ ಸಾದಾ ಕಾರು ಸುಟ್ಟದ್ದು ನಮ್ಮ ಕಡೆ ಹೊಸಾ ಸುದ್ದಿ ಅಲ್ಲ. ನಿಮ್ಮದು ಹಿಂದಿನ ಗಾಲಿ ಎಳೂ ಗಾಡಿ, ಮುಂದಿನಿಂದ ಹಿಂದಿನ ತನಕ ಶಾಫ್ಟ್ ಐತಿ. ಡಿಸೆಂಬರ್ ಜನವರ್ಯಾಗ ಹಳ್ಳಿ ರೋಡಿನ್ಯಾಗ ಹುರಳಿ ಕಂಡ್ರ ನಿಂದ್ರಿ, ಇಳೀರಿ, ಬಾಜೂಕ ಸರಸಾಕ ಕೇಳ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ದಾಟಿದ್ರ ಬಗ್ಗಿ ಬುಡಕ ನೋಡಿ ಮುಂದ ಹೋಗ್ರಿ. ಸಣ್ಣ ಫೈರ್ ಎಕ್ಸ್‌ಟಿಂಗ್ವಿಶರ್ ಸೀಟಿನ ಮುಂದ ಇರ್ಲಿ. ಹಾವೇರಿ ಕಡೆ ಗೋವಿನಜೋಳ ಸರ್ವಿಸ್ ರೋಡಿನ್ಯಾಗ ಒಣಗಾಕ ಹಾಕ್ತಾರ, ಅದು ಬೆಂಕಿ ಹತ್ತಂಗಿಲ್ಲ, ಆದ್ರ ಕಾಳಿನ ಮ್ಯಾಲೆ ಬ್ರೇಕ್ ಹಾಕಿದ್ರ ಗಾಡಿ ಜಾರತೈತಿ.

ಝಡ್4ಗೆ ರನ್‌ಫ್ಲಾಟ್ ಟೈಯರು, ಗಾಳಿ ಹೋದ್ರೂ ಸ್ವಲ್ಪ ದೂರ ಓಡೂವು, ಸ್ಟೆಪ್ನಿ ಇಲ್ಲ ಅಲ್ರಿ? ರೋಡ್ ಸೈಡ್ ಪಂಕ್ಚರ್ ಅಂಗಡ್ಯಾಗ ಅದರ ಬಿರುಸು ಬಾಜೂ ಕೈಲೆ ಕಳಚಾಕ ಹೋಗಿ ರಿಮ್ ಗೀಚ್ತಾರ, ಮಷೀನ್ ಇದ್ದ ಅಂಗಡಿ ಮೊದ್ಲ ಗುರ್ತ ಮಾಡಿಟ್ಕೊಳ್ರಿ. ಟೈಯರ್ ಸೈಜು ಇಲ್ಲಿ ಸ್ಟಾಕ್ ಇರಂಗಿಲ್ಲ, ತರಿಸ್ಕೋಬೇಕು.

ಬ್ಯಾಡಗಿ_ಖಾರ

ಲಕ್ಕುಂಡ್ಯಾಗ ಗಾಡಿ ನಿಂದ್ರಿಸಿ ಗುಡಿ ಒಳಗ ಹೋಗಿ ಬರೋದ್ರೊಳಗ ಬಾನೆಟ್ ಮ್ಯಾಲೆ ಹತ್ತ ಹುಡುಗ್ರು ಕುಂತ ಸೆಲ್ಫಿ ಹೊಡದಿರ್ತಾವು, ಅದನ್ನೂ ಹೇಳ್ರಿ ಅವ್ರಿಗೆ. ಬೈಬ್ಯಾಡ್ರಿ, ಒಂದಿಬ್ರಿಗೆ ಒಂದ ರೌಂಡ್ ಹಾಕ್ರಿ, ಉಳದ ಹುಡುಗ್ರು ತಾವ ಕಾವಲಾ ಮಾಡ್ತಾವು.

ಝಡ್4_ಹುಡುಗ

ಹುರಳಿದು ಓದಿ ಖರೇನ ಮೈ ಝುಮ್ ಅಂತು. ಹೌದ್ರಿ, ರನ್‌ಫ್ಲಾಟ್, ಸ್ಟೆಪ್ನಿ ಇಲ್ಲ.

ಗಾಡಿ ತರೂದು ಪಕ್ಕಾ. ಮೊದ್ಲ ಇನ್‌ವಾಯ್ಸ್ ತಗೊಂಡು ಬಂದು ಟ್ಯಾಕ್ಸ್ ಲೆಕ್ಕ ಹಾಕಿಸ್ತೀನಿ, ಆಮ್ಯಾಲೆ ಎನ್‌ಒಸಿ. ಉಳದದ್ದು ಎರಡ ಪ್ರಶ್ನಿ, ಪೆಟ್ರೋಲ್ ಮತ್ತ ಸರ್ವಿಸ್. ಪುಣೆದಾಗ ಎಕ್ಸ್‌ಪಿ100, ಅಂದ್ರ 100 ಆಕ್ಟೇನ್ ಪೆಟ್ರೋಲ್, ಹಾಕಸ್ತಿದ್ದೆ. ಮತ್ತ ಗಾಡಿ ಲಾರ್‍ಯಾಗ ಹಾಕಿ ತರ್ಲೋ ಓಡಿಸ್ಕೊಂಡ ಬರ್ಲೋ?

ಚಿಗರಿಹಿಂದ

ಎಕ್ಸ್‌ಪಿ100 2020ರಾಗ ಮೊದಲನೇ ಸಲ ಬಂದ ಹತ್ತ ಊರಾಗ ಪುಣೆ ಇತ್ತು, ನೀವು ರೂಢಿ ಕೆಡಿಸ್ಕೊಂಡೀರಿ 😀 ಇಲ್ಲೆ 95 ಆಕ್ಟೇನ್ ಪೆಟ್ರೋಲ್ ಮ್ಯಾಲೆ ನಡಸ್ರಿ, ಎಂಜಿನ್ನಿಗೆ ಅಷ್ಟ ಸಾಕು. ಸಾದಾ ಪೆಟ್ರೋಲ್ ಮಾತ್ರ ಹಾಕಬ್ಯಾಡ್ರಿ, ಈಗ ಎಲ್ಲಾ ಕಡೆ ಇ20, ಅಂದ್ರ ಇಪ್ಪತ್ತ ಪರ್ಸೆಂಟ್ ಎಥೆನಾಲ್ ಕೂಡಿಸಿದ್ದು, ಬರಾಕತ್ತೈತಿ, ಅದಕ್ಕ ತಯಾರಾಗಿ ಬರೂವು 2023ರ ಏಪ್ರಿಲ್ ಆದ ಮ್ಯಾಲಿನ ಗಾಡಿಗೋಳು, ನಿಮ್ಮದು 2014ರದು. 95ರಾಗೂ ಎಥೆನಾಲ್ ಎಷ್ಟೈತಿ ಅಂತ ಬಂಕಿನ್ಯಾಗ ಕೇಳ್ರಿ. ತಿಂಗಳಗಟ್ಲೆ ನಿಲ್ಲಿಸಿ ಹೋಗೂದಿದ್ರ ಟ್ಯಾಂಕ್ ತುಂಬಿಸಿ ನಿಲ್ಲಸ್ರಿ, ಖಾಲಿ ಜಾಗದಾಗ ನೀರಿನ ಹನಿ ಹಿಡದ್ರ ಎಥೆನಾಲ್ ಅದನ್ನ ಕುಡದು ತಳಕ್ಕ ಇಳೀತೈತಿ.

ಆಯಿಲ್, ಬ್ರೇಕ್ ಪ್ಯಾಡ್ ಕೆಲಸ ಗೋಕುಲ ರೋಡಿನ ಕಡೆ ಛಲೋ ಮೆಕ್ಯಾನಿಕ್ ಹಿಡದ್ರ ಆಗ್ತೈತಿ, ಪಾರ್ಟ್ ನೀವ ತರಿಸಿ ಕೊಡ್ಬೇಕು. ಗೇರ್‌ಬಾಕ್ಸ್, ಟರ್ಬೊ ಅಂತ ಬಂದ್ರ ಬೆಂಗಳೂರು ಇಲ್ಲಾ ಗೋವಾ. ಇನ್ಸೂರನ್ಸಿನ್ಯಾಗ ರೋಡ್‌ಸೈಡ್ ಅಸಿಸ್ಟನ್ಸ್ ತಗೋರಿ, ಮತ್ತ ಅದರಾಗ ಪ್ಲಾಟ್‌ಫಾರ್ಮ್ ಗಾಡಿ ಕಳಸ್ತಾರೋ ಬರೇ ಹಗ್ಗ ಕಟ್ಟಿ ಎಳೀತಾರೋ ಅಂತ ಬರವಣಿಗ್ಯಾಗ ಕೇಳ್ರಿ.

ಕಾಗದಪತ್ರ_ಕಾಕಾ

ಓಡಿಸ್ಕೊಂಡ ಬಾ ತಮ್ಮಾ. ಲಾರ್‍ಯಾಗ ಹಾಕಿದ್ರ ಹತ್ತಿಸೂ ಹಲಗಿ ಮ್ಯಾಲೇ ಬಂಪರ್ ಹೋಗ್ತದ, ಮ್ಯಾಲಾಗಿ ಕೊಗನೊಳ್ಳಿ ಫಾಸ್ಟ್ಯಾಗ್ ಮೆಸೇಜೂ ಸಿಗೂದಿಲ್ಲ. ಸಾತಾರಾ ಕಾಗಲ್ ನಡುವ ಆರ್ ಲೇನ್ ಕೆಲಸಾ ಹತ್ತಿ ಡೈವರ್ಶನ್ ಭಾಳ, ಅದನ್ನ ಹಗಲ ಹೊತ್ತಿನ್ಯಾಗ ದಾಟು. ಎನ್‌ಒಸಿ, ಪಿಯುಸಿ, ಇನ್ಸೂರನ್ಸ್ ಒರಿಜಿನಲ್ ಕೈಯಾಗಿರ್ಲಿ. ಟ್ಯಾಕ್ಸ್ ಲೆಕ್ಕ ಎಷ್ಟ ಹೇಳಿದ್ರು ಅಂತ ಇಲ್ಲೆ ಹಾಕು, ನಮ್ಮ ತಂಗಿ ಮಗಾ ಒಬ್ಬಾಂವ ಕೊಲ್ಲಾಪುರದಿಂದ ಗಾಡಿ ತರೂ ವಿಚಾರದಾಗ ಇದ್ದಾನ.